ಹಿತ್ತಿಲ ಕುಲುಮೆಯೂ ಅಮ್ಮನ ಈಳಿಗೆಯೂ

ಹಿತ್ತಿಲಲ್ಲಿ ನಾನು ಕುಲುಮೆ ಕಟ್ಟಿದಂದಿನಿಂದ ನಮ್ಮ ಬೀದಿಯವರು ಟಿ.ವಿ. ಹಾಕುವುದು ಕಡಿಮೆಯಾಗಿದೆ. ವಾರಕ್ಕೊಂದಾದರೂ ಪ್ರಸಂಗ ನಮ್ಮ ಮನೆಯಲ್ಲೇ ನಡೆಯುತ್ತದೆ, ಅದೂ ಜಾಹೀರಾತಿಲ್ಲದೆ.

ದೊಡ್ಡಬಳ್ಳಾಪುರದ ಅಂಚಿನಲ್ಲಿ ನಮ್ಮದು ನಾಲ್ಕು ಪವರ್‌ಲೂಮ್ ಇರುವ ಮನೆ. ಮುಂದೆ ಮಗ್ಗ, ನಡುವೆ ಸಂಸಾರ, ಹಿಂದೆ ಹಿತ್ತಿಲು. ಮಗ್ಗದ ನಟ್ಟು ಬೋಲ್ಟು ಬಿಚ್ಚಿ ಬಿಚ್ಚಿ ನನಗೆ ಕಬ್ಬಿಣದ ಜೊತೆ ಸಲಿಗೆ ಬಂದಿತ್ತು. ಆದರೆ ತಣ್ಣಗಿನ ಕಬ್ಬಿಣದ ಸಲಿಗೆ ಮಾತ್ರ. ಒಂದು ದಿನ ಫೋನಿನಲ್ಲಿ ಯಾರೋ ಕಾದ ಸರಳನ್ನು ಚಪಾತಿ ಹಿಟ್ಟಿನಂತೆ ಬಗ್ಗಿಸುವುದನ್ನು ನೋಡಿ ಬಾಯಿ ಬಿಟ್ಟುಕೊಂಡು ಕೂತೆ. ಐವತ್ತರ ಹತ್ತಿರ ಬಂದವನಿಗೆ ಹಾಗೆ ಬಾಯಿ ಬಿಡುವ ಯೋಗ ಸಿಕ್ಕುವುದೇ ಅಪರೂಪ. ಕುಲುಮೆ ಕಟ್ಟಲೇಬೇಕು ಅನ್ನಿಸಿತು.

ಅದೇ ಹೊತ್ತಿಗೆ ಅಮ್ಮ ಮೊಮ್ಮಗಳ ಬಾಣಂತನಕ್ಕೆಂದು ಸೂಲಿಬೆಲೆಯ ಅಕ್ಕನ ಮನೆಗೆ ಮೂರು ತಿಂಗಳ ಮಟ್ಟಿಗೆ ಹೊರಟಿದ್ದಳು. ಬಸ್ ಹತ್ತುವಾಗ ಒಂದೇ ಮಾತು ಹೇಳಿದಳು: "ಮನೆ ಸುಟ್ರೂ ಪರ್ವಾಗಿಲ್ಲ, ನನ್ನ ಈಳಿಗೆ ಮಾತ್ರ ಮುಟ್ಬೇಡ ಕಣಪ್ಪ." ಮದುವೆಯಲ್ಲಿ ತವರಿನಿಂದ ಅವಳ ಜೊತೆ ಬಂದ ಈಳಿಗೆಮಣೆ ಅದು. ಅದರ ಮೇಲೆ ಬೇರೆ ಯಾರೂ ಕೂತವರಿಲ್ಲ. ನನ್ನ ಹೆಂಡತಿಗೆ ಚಾಕು, ಮಿಕ್ಸಿ ಸಾಕು.

ಗಾಳಿ

ಕುಲುಮೆಗೆ ಬೇಕಾದದ್ದು ಇದ್ದಿಲು ಮತ್ತು ಗಾಳಿ. ಇಸ್ತ್ರಿ ಅಂಗಡಿಯವನು ತರಿಸುವ ಇದ್ದಿಲ ಮೂಟೆಯಲ್ಲಿ ಒಂದು ಪಾಲು ನನಗೂ ಸಿಕ್ಕಿತು. ಗಾಳಿಗೆ ಹಳೆಯ ಕೂಲರ್ ಬಿಚ್ಚಿ, ಅದರ ಮೋಟರಿಗೆ ತಗಡಿನ ಗೂಡು ಮಾಡಿ, ಕೊಳವೆ ಸೇರಿಸಿದೆ. ಸ್ವಿಚ್ ಹಾಕಿದರೆ ಇದ್ದಿಲು ಬುಸುಗುಟ್ಟಿ ಉರಿಯುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ.

"ಚೆನ್ನಾಗಿದೆ ಕಣ್ರೀ. ಆದ್ರೆ ಮಗ್ಗ ಬಿಟ್ಟು ಇದನ್ನ ಯಾವಾಗ ಮಾಡ್ತೀರಾ?"

"ಕರೆಂಟ್ ಹೋದಾಗ ಮಗ್ಗ ನಿಲ್ಲುತ್ತಲ್ಲ, ಆವಾಗ ಸುಮ್ನೆ ಕೂರೋ ಬದ್ಲು ಇದನ್ನ ಮಾಡ್ತೀನಿ."

ಅವಳು ಒಮ್ಮೆ ಸ್ವಿಚ್ಚನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಒಳಗೆ ಹೋದಳು. ಒಳಗಿನಿಂದ ನಗುವ ಸದ್ದು ಕೇಳಿದ ಮೇಲೆ ನನಗೂ ಹೊಳೆಯಿತು. ಕರೆಂಟ್ ಇಲ್ಲದ ಹೊತ್ತಿಗೆಂದು ಕಟ್ಟಿದ ಕುಲುಮೆಗೆ ನಾನು ಕರೆಂಟಿನ ಗಾಳಿ ಇಟ್ಟಿದ್ದೆ.

ಪೂಜೆ

ಮೋಟರ್ ಕಿತ್ತು, ನೆಲಮಂಗಲದ ಗುಜರಿಯಿಂದ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ ತಂದೆ. ಇನ್ನು ಒಳಗೋಡೆಗೆ ಮೆತ್ತಲು ಮಣ್ಣು. ಹುತ್ತದ ಮಣ್ಣಾದರೆ ಬೆಂಕಿಗೆ ಬಿರಿಯುವುದಿಲ್ಲ ಎಂದು ಎಲ್ಲರೂ ಹೇಳಿದರು. ಪಕ್ಕದ ಹೊಲದ ಅಜ್ಜಿಯ ಬದುವಿನಲ್ಲಿ ಮಳೆಗೆ ಕುಸಿದ ಒಂದು ಹುತ್ತವಿತ್ತು. ಹೋಗಿ ಕೇಳಿದೆ.

"ತಗೊಂಡೋಗಪ್ಪ. ನಾನು ಹಾಲೆರೆದು ಪೂಜೆ ಮಾಡಿರೋ ಮಣ್ಣು ಅಂತ ಮಾತ್ರ ಗ್ಯಾಪಕ ಇರ್ಲಿ."

ಜ್ಞಾಪಕ ಇಟ್ಟುಕೊಂಡೇ ಮೆತ್ತಿದೆ. ಮುಂದಿನ ಸೋಮವಾರ ಬೆಂಕಿಯನ್ನು ಹದಕ್ಕೆ ತಂದು, ನೀರು ಕುಡಿಯಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಅಜ್ಜಿ ಕುಲುಮೆಯ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಒಂದು ಚೊಂಬು ಹಾಲನ್ನು ನೇರ ಕೆಂಡದ ಮೇಲೆ ಸುರಿದಿದ್ದಳು. ಹಾಲು ನೊರೆಯೆದ್ದು ಉಕ್ಕಿತು, ಹಿತ್ತಿಲೆಲ್ಲ ಹೊಗೆ, ಅರ್ಧ ಗಂಟೆ ತಿದ್ದಿದ ಬೆಂಕಿ ಚುಂಯ್ ಎಂದು ಆರಿತು.

"ಅಜ್ಜಿ, ಇದೇನ್ ಮಾಡ್ಬಿಟ್ರಿ?"

"ಮಣ್ಣು ನಿಮ್ಮನೆಗೆ ಬಂತು ಅಂತ ಪೂಜೆ ಬಿಡಕ್ಕಾಯ್ತದಾ?" ಅಜ್ಜಿ ಕೈಮುಗಿದುಕೊಂಡೇ ಹೇಳಿದಳು. "ನೋಡಪ್ಪ, ಎಂಗೆ ಉಕ್ತು ಹಾಲು. ನನ್ ಮೊಮ್ಮಗನ ಗೃಹಪ್ರವೇಶದಲ್ಲೂ ಇಷ್ಟು ಚೆಂದಾಗಿ ಉಕ್ಲಿಲ್ಲ."

ಬಿಸಿಲು

ಕಬ್ಬಿಣ ನನ್ನ ಕೈಯಲ್ಲಿ ಮೊದಲ ಸಲ ಮೆತ್ತಗಾದ ದಿನ ನನ್ನ ಬುದ್ಧಿ ನನ್ನ ಹತ್ತಿರ ಇರಲಿಲ್ಲ. ಅಷ್ಟು ಗಟ್ಟಿ ವಸ್ತು ಒಂದು ಏಟಿಗೆ ಮಾತು ಕೇಳುತ್ತದೆ ಎಂದರೆ ನಂಬುವುದು ಹೇಗೆ? ಮೊಳೆ ಚಪ್ಪಟೆ ಮಾಡಿದೆ, ಕೊಕ್ಕೆ ಬಗ್ಗಿಸಿದೆ. ಆಮೇಲೆ ಕಣ್ಣು ಈಳಿಗೆಯ ಮೇಲೆ ಬಿತ್ತು. ಅಲಗು ಮೊಂಡಾಗಿತ್ತು. ಅಮ್ಮ ಬರುವಷ್ಟರಲ್ಲಿ ಕಾಯಿಸಿ ಬಡಿದು ಹೊಸದರ ಹಾಗೆ ಮಾಡಿಟ್ಟರೆ ಎಷ್ಟು ಖುಷಿಪಡುತ್ತಾಳೆ ಎಂದುಕೊಂಡು ಮಣೆಯಿಂದ ಬಿಚ್ಚಿದೆ.

ಮಟಮಟ ಮಧ್ಯಾಹ್ನ. ಎಷ್ಟು ಗಾಳಿ ತಿರುಗಿಸಿದರೂ ಅಲಗು ಕೆಂಪಗೆ ಕಾಣುತ್ತಲೇ ಇಲ್ಲ. ಇನ್ನೂ ತಿರುಗಿಸಿದೆ. ಕೊನೆಗೆ ಇಕ್ಕಳದಲ್ಲಿ ಹಿಡಿದು ಗೋಡೆಯ ನೆರಳಿಗೆ ತಂದರೆ ಬೆಳ್ಳಗೆ ಧಗಧಗ ಅನ್ನುತ್ತಿದೆ. ಗಾಬರಿಯಲ್ಲಿ ತಣ್ಣೀರಿನ ಬಕೆಟ್ಟಿಗೆ ಅದ್ದಿಬಿಟ್ಟೆ. ಒಳಗಿನಿಂದ 'ಟಿಣ್' ಎಂಬ ಸದ್ದು ಬಂತು. ಎತ್ತುವಾಗ ಇಕ್ಕಳದಿಂದ ಜಾರಿ ಒಗೆಯುವ ಕಲ್ಲಿನ ಮೇಲೆ ಬಿತ್ತು. ಹಪ್ಪಳದ ಹಾಗೆ ಎರಡು ತುಂಡು.

ಅದೇ ಗಳಿಗೆಯಲ್ಲಿ ಅಮ್ಮನ ಫೋನ್ ಬರಬೇಕೇ.

"ಎಲ್ಲಾ ಚೆನ್ನಾಗಿದ್ದೀರಾ? ಅದೇನೋ ಒಲೆ ಕಟ್ಟಿದ್ದೀಯಂತೆ. ಮನೆಗಿನೆ ಸುಟ್ಟಿಲ್ಲ ತಾನೆ?"

"ಇಲ್ಲಮ್ಮ, ಮನೆ ಸುಟ್ಟಿಲ್ಲ," ಎಂದು ಅಷ್ಟು ಸತ್ಯ ಹೇಳಿ ಫೋನಿಟ್ಟೆ.

ಕಿವಿ

ಅಮ್ಮ ಗೌರಿ ಹಬ್ಬಕ್ಕೆ ಬರುವವಳು. ಐದು ವಾರ ಉಳಿದಿತ್ತು. ಅಷ್ಟರಲ್ಲಿ ಹೊಸ ಅಲಗು ಆಗದಿದ್ದರೆ ನಾನು ಸೂಲಿಬೆಲೆಗೆ ಹೋಗಿ ಅಕ್ಕನ ಮನೆಯಲ್ಲೇ ಅಡಗಿಕೊಳ್ಳಬೇಕು, ಅಮ್ಮ ಇಲ್ಲಿಗೆ ಬಂದಿರುವುದರಿಂದ ಅಲ್ಲಿ ಜಾಗ ಖಾಲಿ ಇರುತ್ತದೆ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬರು ವಯಸ್ಸಾದ ಆಚಾರ್ರು ಕೂರುತ್ತಿದ್ದರು. ಸುತ್ತಮುತ್ತಲಿನ ಹಳ್ಳಿಗಳ ಕುಡುಗೋಲು, ಗುದ್ದಲಿಗಳನ್ನೆಲ್ಲ ಬಡಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಕುಲುಮೆ ಮುಚ್ಚಿದ್ದರು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ಕರೆತಂದೆ. ಬಂದವರೇ ಮುಖಕ್ಕೆ ಬಿಸಿಲು ತಾಗಿದ್ದನ್ನು ಗಮನಿಸಿ, ಸುತ್ತ ಗೋಣಿತಾಟು ಕಟ್ಟಿಸಿದರು.

"ಬಿಸಿಲಲ್ಲಿ ಕಾದ ಕಬ್ಬಿಣದ ಬಣ್ಣ ಕಾಣಲ್ಲ ಕಣಪ್ಪ. ಕಣ್ಣಿಲ್ದಿರೋ ನಂಗೂ ಕಾಣಲ್ಲ, ಕಣ್ಣಿರೋ ನಿಂಗೂ ಕಾಣಲ್ಲ."

ಅಲಗಿಗೆಂದು ಗುಜರಿಯಿಂದ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ತಂದಿದ್ದೆ. ಕಬ್ಬಿಣ ಇಟ್ಟು ಬಡಿಯಲು ಅಡಿಗಲ್ಲಿನ ಬದಲು ರೈಲುಕಂಬಿಯ ಒಂದು ತುಂಡಿತ್ತು. ನಾನು ಬಡಿಯುತ್ತಿದ್ದರೆ ಆಚಾರ್ರು ನನಗೆ ಬೆನ್ನು ಹಾಕಿ ಟೀ ಕುಡಿಯುತ್ತಾ ಕೂತಿದ್ದರು.

"ನಿಲ್ಸು. ತಣ್ಣಗಾಯ್ತು, ಬೆಂಕಿಗೆ ಹಾಕು," ಅಂದರು. ನೋಡಿದರೆ ಕೆಂಪು ಆಗಷ್ಟೇ ಇಳಿದಿತ್ತು. ಇನ್ನೊಂದು ಸ್ವಲ್ಪ ಹೊತ್ತಿಗೆ, "ತುದಿ ಇನ್ನೂ ದಪ್ಪ ಐತೆ," ಅಂದರು. ಅಳೆದೆ. ದಪ್ಪವೇ ಇತ್ತು. ನನಗೆ ಮೈ ಜುಮ್ಮೆಂದಿತು. ಎದುರಿಗೆ ಕೂತು ಎರಡು ಕಣ್ಣು ಬಿಟ್ಟುಕೊಂಡು ನಾನು ಕಾಣದ್ದನ್ನು ಈ ಮನುಷ್ಯ ಬೆನ್ನು ತಿರುಗಿಸಿ ಕಾಣುತ್ತಿದ್ದರು.

"ಸದ್ದಲ್ಲೇ ಎಲ್ಲಾ ಗೊತ್ತಾಗುತ್ತಾ ಆಚಾರ್ರೇ?"

"ಎಲ್ಲಾ ಗೊತ್ತಾಯ್ತದೆ. ಮೂರೇಟಲ್ಲಿ ಒಂದೇಟು ನೀನು ಕಂಬಿಗೇ ಹೊಡೀತಿದ್ದೀಯ. ಈಳಿಗೆ ಏನಾಯ್ತದೋ ಕಾಣೆ, ಕಂಬಿ ಮಾತ್ರ ಚೆನ್ನಾಗಿ ಹದಕ್ಕೆ ಬತ್ತೈತೆ."

ಬಣ್ಣ

ಅಲಗಿಗೆ ಆಕಾರ ಬಂತು. ಇನ್ನು ಗಟ್ಟಿ ಮಾಡಬೇಕು. ಸರಿಯಾದ ಬಣ್ಣಕ್ಕೆ ಕಾದಾಗ ಹೊಂಗೆ ಎಣ್ಣೆಯಲ್ಲಿ ಅದ್ದಬೇಕು. ಒಂದು ಬಣ್ಣ ಹೆಚ್ಚಾದರೆ ಮತ್ತೆ ಹಪ್ಪಳ, ಕಡಿಮೆಯಾದರೆ ಬದನೆಕಾಯಿಯೂ ಹೆಚ್ಚುವುದಿಲ್ಲ. ಇದಕ್ಕೆ ಕಿವಿ ಸಾಲದು, ಕಣ್ಣೇ ಬೇಕು.

"ಬಣ್ಣ ಎಂಗೈತೆ?" ಆಚಾರ್ರು ಕೇಳಿದರು.

"ಕೆಂಪು."

"ಯಾವ ಕೆಂಪು?"

"ಕೆಂಪು ಅಂದ್ರೆ... ಕೆಂಪು."

ಹುಣಸೆಹಣ್ಣು ಬಿಡಿಸುತ್ತಾ ಹಿತ್ತಿಲ ಜಗಲಿಯಲ್ಲಿ ಕೂತಿದ್ದ ನನ್ನ ಹೆಂಡತಿಗೆ ಇದನ್ನು ಕೇಳಿ ಸಹಿಸಲಾಗಲಿಲ್ಲ. ಅವಳ ತವರು ರೇಷ್ಮೆಗೆ ಬಣ್ಣ ಹಾಕುವ ಮನೆ. ಎರಡು ಲಡಿ ನೂಲನ್ನು ದೂರದಿಂದ ನೋಡಿಯೇ ಒಂದೇ ಬಣ್ಣದ ಪಾಕದಲ್ಲಿ ಅದ್ದಿದ್ದೋ ಅಲ್ಲವೋ ಹೇಳುವವಳು.

"ಅದು ಕೆಂಪಾ ರೀ? ಬುಡ ಇನ್ನೂ ದಾಳಿಂಬೆ, ನಡು ಕುಂಕುಮ, ತುದಿ ಆಗಲೇ ಕನಕಾಂಬರಕ್ಕೆ ತಿರುಗ್ತಾ ಇದೆ."

ಆಚಾರ್ರು ಟೀ ಲೋಟ ಕೆಳಗಿಟ್ಟರು. "ತಾಯಿ, ನೀವಿಲ್ಲಿ ಕುತ್ಕೊಳಿ," ಅಂದರು. "ಉದ್ದಕ್ಕೂ ಕನಕಾಂಬರ ಬಂದಾಗ ಹೇಳಿ."

ಅವಳು ಹೇಳಿದಳು, ನಾನು ಅದ್ದಿದೆ. 'ಟಿಣ್' ಎನ್ನಲಿಲ್ಲ. ಆಮೇಲೆ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಬಿರುಸು ಇಳಿಸಿ ಮುರಿಯದ ಹಾಗೆ ಮಾಡಲು ಕಾದ ಕಬ್ಬಿಣದ ಹಲಗೆಯ ಮೇಲಿಟ್ಟೆವು. ಆಗ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬರಿಯ ಉಕ್ಕಿನ ಮೇಲೆ ಬಣ್ಣ ತಾನಾಗಿ ಹುಟ್ಟಿ ನಿಧಾನಕ್ಕೆ ಹರಿಯತೊಡಗಿತು. ಅವಳು ಪಿಸುಮಾತಿನಲ್ಲಿ ಹೇಳುತ್ತಾ ಹೋದಳು: ಒಣಹುಲ್ಲು, ಗಂಧ, ಜೇನು. "ಜೇನಿಗೆ ತೆಗೀರಿ," ಎಂದರು ಆಚಾರ್ರು. ತೆಗೆದೆವು. ಅಂಚಿನಲ್ಲಿ ಒಂದೆಳೆ ನೇರಳೆ ಮಿಂಚಿ ನಿಂತಿತು.

"ಇಷ್ಟು ವರ್ಷ ಬಣ್ಣದ ಮನೇಲಿದ್ದೆ," ಅಂದಳು ನನ್ನ ಹೆಂಡತಿ. "ಯಾರೂ ಹಾಕದೆ ಬಣ್ಣ ಬಂದಿದ್ದು ಇದೇ ಮೊದಲು ನೋಡಿದ್ದು ಕಣ್ರೀ."

ಅವಳ ಕಣ್ಣು ತೇವವಾಗಿತ್ತು. ನನ್ನದೂ ಆಗಿತ್ತು. ಆಚಾರ್ರು ನಮ್ಮಿಬ್ಬರ ಮೌನ ಕೇಳಿಸಿಕೊಂಡು, "ಇವತ್ತಿಂದ ಈಯಮ್ಮನೇ ಯಜಮಾನಿ. ನೀನು ಗಾಳಿ ತಿರುಗ್ಸು," ಎಂದು ನನ್ನ ಕುಲುಮೆಯಲ್ಲಿ ನನಗೊಂದು ಕೆಲಸ ಕೊಟ್ಟರು.

ಅಮ್ಮ

ಹಬ್ಬದ ಹಿಂದಿನ ದಿನ ಅಮ್ಮ ಬಂದಳು. ಹೊಸ ಅಲಗು ಹಳೆಯ ಮಣೆಯ ಮೇಲೆ ಹೊಳೆಯುತ್ತಾ ನಿಂತಿತ್ತು. ಆಚಾರ್ರನ್ನೂ ಕರೆಸಿದ್ದೆ, ಬೈಗುಳ ಹಂಚಿಕೊಳ್ಳಲು ಜನ ಇರಲಿ ಎಂದು. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ.

ಅಮ್ಮ ಮಣೆಯ ಮೇಲೆ ಕೂತು ಒಂದು ಸೋರೆಕಾಯಿ ತಗೊಂಡಳು. ಒತ್ತುವ ಮೊದಲೇ ಅದು ಎರಡು ಹೋಳಾಯಿತು. ಅಮ್ಮ ಅಲಗಿನ ಜೇನುಬಣ್ಣವನ್ನು ಬಹಳ ಹೊತ್ತು ನೋಡಿದಳು.

"ಇದು ನೀನೇ ಮಾಡಿದ್ದಾ?"

"ನಾವು ಮೂರೂ ಜನ ಸೇರಿ, ಅಮ್ಮ."

"ನಮ್ಮಪ್ಪ ಕೊಟ್ಟಿದ್ದೂ ಇಷ್ಟು ಚೆನ್ನಾಗಿರ್ಲಿಲ್ಲ ಕಣಪ್ಪ," ಅಂದಳು. ಐದು ವಾರದಿಂದ ಕಟ್ಟಿಕೊಂಡಿದ್ದ ಉಸಿರು ಬಿಟ್ಟೆ. ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡಳು.

ಅಮ್ಮ ಹೋಳಿಗೆಯ ಹೂರಣಕ್ಕೆಂದು ಕಾಯಿ ಒಡೆದು, ಒಂದು ಹೋಳನ್ನು ಕೈಯಲ್ಲಿ ಹಿಡಿದು, ಅಭ್ಯಾಸದಂತೆ ಈಳಿಗೆಯ ತುದಿಗೆ ಒಯ್ದಳು. ಕೈ ಅಲ್ಲೇ ನಿಂತಿತು.

"ಕಾಯಿ ತುರಿಯೋ ಹಲ್ಲೆಲ್ಲಿ?"

ನಾವು ಮೂವರೂ ತುದಿಯನ್ನು ನೋಡಿದೆವು. ನುಣುಪಾಗಿ, ಚೂಪಾಗಿ, ಬಹಳ ಸುಂದರವಾಗಿತ್ತು. ಒಂದು ಹಲ್ಲೂ ಇರಲಿಲ್ಲ.

"ನಂಗೆ ಕಣ್ಣು ಕಾಣಲ್ಲ ತಾಯಿ," ಅಂದರು ಆಚಾರ್ರು.

"ನಂಗೆ ಬಣ್ಣ ಮಾತ್ರ ನೋಡು ಅಂದಿದ್ರು, ಅತ್ತೆ," ಅಂದಳು ನನ್ನ ಹೆಂಡತಿ.

ಅಮ್ಮ ಕಾಯಿಹೋಳನ್ನು ನನ್ನ ಕೈಗಿಟ್ಟು, ಸೋರೆಕಾಯಿಯ ಕಡೆ ತಿರುಗಿದಳು.

"ತಗೋ, ಉಗುರಲ್ಲಿ ತುರಿ. ಐವತ್ತು ಹೋಳಿಗೆ ಆಗ್ಬೇಕು."