ಹಿನ್ನೀರಿನಲ್ಲಿ ನಾನು ದೆವ್ವವಾದದ್ದು

ಗಾಳಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಹೊಸದುರ್ಗದ ಪೇಟೆಯಲ್ಲಿ ಫ್ಯಾನಿನ ಅಂಗಡಿ ಇಟ್ಟು ತಲೆಯ ಕೂದಲನ್ನೆಲ್ಲ ಗಾಳಿಗೇ ಅರ್ಪಿಸಿದವನು ನಾನು. ಟೇಬಲ್ ಫ್ಯಾನು, ಸೀಲಿಂಗ್ ಫ್ಯಾನು, ಮದುವೆಮನೆಯಲ್ಲಿ ಬಾಳೆಲೆಯ ಜೊತೆ ಹೋಳಿಗೆಯನ್ನೂ ಹಾರಿಸುವ ರಾಕ್ಷಸ ಫ್ಯಾನು, ಹೀಗೆ ಮಾರಿ ಮಾರಿ ಮೂರು ಹೋಬಳಿಯ ಬೆವರು ಒಣಗಿಸಿದ ಪುಣ್ಯಾತ್ಮ. ಅಂಥ ನನಗೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ನಮ್ಮ ಗಾಳಿ ಕರೆಂಟಾಗಿ ಯಾರ್ಯಾರ ಮನೆಗೋ ಹೋಗುತ್ತಿದೆ, ಈ ಶಿವಕುಮಾರಪ್ಪನ ಪಾಲು ಎಲ್ಲಿ?

ಗೋವಾದ ಹೋಟೆಲಿನಲ್ಲಿದ್ದ ನನ್ನ ಬಾಮೈದ ಗುರುರಾಜನಿಗೆ ದೆಹಲಿಗೆ ವರ್ಗವಾಯಿತು. ತನ್ನ ಹಾಯಿಹಲಗೆಯನ್ನು ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದ. "ತೆಂಗಿನಕಾಯಿ ಇಳಿಸಿ ಖಾಲಿ ಬರೋ ಲಾರಿಗೆ ಹಾಕಪ್ಪ" ಎಂದೆ.

ವಿಂಡ್‌ಸರ್ಫಿಂಗ್ ಅನ್ನುತ್ತಾರಂತೆ ಅದಕ್ಕೆ. ಬಾಗಿಲಿನಷ್ಟು ಉದ್ದದ ಹಲಗೆ, ಹಲಗೆಗೊಂದು ಕಂಬ, ಕಂಬಕ್ಕೊಂದು ಹಾಯಿ. ಮೇಲೆ ನಿಂತು ಹಾಯಿ ಹಿಡಿದುಕೊಂಡರೆ ಗಾಳಿ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ವಾಪಸು ತಂದುಬಿಡುವ ಬಗ್ಗೆ ಅದು ಯಾವ ಮಾತನ್ನೂ ಕೊಡುವುದಿಲ್ಲ.

"ಭಾವ, ಹಲಗೆ ಹತ್ತದು ಆಮ್ಯಾಕೆ. ಮೊದ್ಲು ಜೀವ ಉಳಿಸೋ ಸಾಮಾನು ತರಿಸ್ಕಳ್ರಿ" ಎಂದ ಗುರುರಾಜ. ತೇಲುವ ಜಾಕೆಟ್ಟು, ಸೀಟಿ, ನೀರು ತಾಗಿದರೆ ತಾನೇ ಮಿನುಗುವ ಲೈಟು, ಹಲಗೆಯನ್ನು ಯಾರಾದರೂ ಎಳೆಯಲು ಒಂದು ಹಗ್ಗ, ಫೋನು ಇಡಲು ನೀರು ಹೋಗದ ಚೀಲ. "ಏನೇ ಆಗ್ಲಿ, ಹಲಗೆ ಬಿಟ್ಟು ಈಜಾಕೆ ಮಾತ್ರ ಹೋಗ್ಬ್ಯಾಡ್ರಿ!"

ಜಾಕೆಟ್ಟಿನ ಬಣ್ಣ ಆರಿಸುವಾಗಲೇ ಮನೆಯಲ್ಲಿ ಯುದ್ಧ. ನಾನು ಕಪ್ಪು ಬಣ್ಣದ್ದಕ್ಕೆ ಬೆರಳಿಟ್ಟೆ. ಅದರಲ್ಲಿ ನಾನು ಕಮಾಂಡೋ ಥರ ಕಾಣುವುದು ಖಚಿತವಾಗಿತ್ತು.

"ಕರೇದು ಬ್ಯಾಡ, ಕಿತ್ತಳೆ ಬಣ್ಣದ್ದು ತರಿಸ್ರಿ" ಎಂದಳು ನನ್ನ ಹೆಂಡತಿ ವೀರಮ್ಮ.

"ನಾನೇನು ರೋಡಿಗೆ ಟಾರ್ ಹಾಕಾಕೆ ಹೊಂಟೀನೇನೆ?"

"ಹುಡುಕೋರಿಗೆ ಅನುಕೂಲ ಆಗ್ಲಿ ಅಂತ."

ಕಿತ್ತಳೆಯೇ ಬಂತು. ಬಾಗೂರಿನ ಕಡೆಯಿಂದ ಮಾರಿಕಣಿವೆ ಹಿನ್ನೀರಿನ ದಡಕ್ಕೆ ಇಳಿದು, ಸೊಂಟದ ನೀರಿನಲ್ಲಿ ಜಾಕೆಟ್ಟಿಲ್ಲದೆಯೇ ಒಂದಷ್ಟು ದಿನ ಬಿದ್ದೆದ್ದು ಅಭ್ಯಾಸ ಮಾಡಿದೆ. ನಂತರ ಒಂದು ಮಧ್ಯಾಹ್ನ ಮಹಾಯಾನಕ್ಕೆ ಸಿದ್ಧನಾದೆ. ಜಾಕೆಟ್ಟಿನ ಒಂದು ಮಗ್ಗುಲು ದಪ್ಪ, ಇನ್ನೊಂದು ತೆಳು. ನಾನು ದಪ್ಪನೆಯದನ್ನು ಬೆನ್ನಿಗೆ ಹಾಕಿಕೊಂಡೆ.

"ಅಯ್ಯೋ, ತಿರುವು ಮುರುವಾತಲ್ರೀ! ಚೈನು, ಸೀಟಿ, ಲೈಟು ಎಲ್ಲ ಬೆನ್ನಿಗೆ ಹೋದ್ವಲ್ಲ!"

"ಲೇ, ತೋಟದ ಬಾವಿಯಾಗೆ ಈಜು ಕಲಿಸುವಾಗ ನಮ್ಮಪ್ಪ ಒಣಗಿದ ತೆಂಗಿನಕಾಯಿ ಎಲ್ಲಿ ಕಟ್ಟಿದ್ದ? ಬೆನ್ನಿಗೆ! ತೇಲೋ ಸಾಮಾನು ಬೆನ್ನಿಗೇ ಇರ್ಬೇಕು. ಇದು ನಮ್ಮ ಸೀಮೆ ವಿದ್ಯೆ. ಎಳಿ ಚೈನು!"

ವೀರಮ್ಮ ರವಿಕೆಯ ಹುಕ್ಕು ಹಾಕುವವಳಂತೆ ಹಿಂದಿನಿಂದ ಚೈನು ಎಳೆದಳು. ಫೋನು ಒದ್ದೆಯಾಗುವ ಪ್ರಮೇಯವೇ ಬೇಡ ಎಂದು ಅದನ್ನು ಅವಳ ಕೈಗೇ ಕೊಟ್ಟೆ. ನೀರು ಹೋಗದ ಚೀಲದಲ್ಲಿ ಎಲೆ ಅಡಿಕೆ ಇಟ್ಟುಕೊಂಡೆ.

ಆಹಾ, ಆ ಓಟ! ಗಾಳಿ ನನ್ನನ್ನು ಗುರುತು ಹಿಡಿದಂತೆ ಹಾಯಿಗೆ ಬಂದು ಅಪ್ಪಳಿಸಿತು. ಕೊಕ್ಕರೆಗಳು ಹಿಂದೆ ಬಿದ್ದವು. ದಡದ ಮೇಲಿನ ಬೈಕುಗಳು ಹಿಂದೆ ಬಿದ್ದವು. ಇನ್ನೊಂದು ಗಳಿಗೆ ಹಾಗೇ ಹೋಗಿದ್ದರೆ ಅಣೆಕಟ್ಟು ಹಾರಿ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೆ! ಒಂದು ತಿರುವು ದಾಟಿದ್ದೇ ತಡ, ವೀರಮ್ಮ ಕೂತಿದ್ದ ಮರವೂ ಮರೆಯಾಯಿತು.

ಹೊತ್ತು ಮುಳುಗುವಾಗ ಗಾಳಿ ನಿಂತಿತು. ಕಡಿಮೆಯಾಗಿ ನಿಂತದ್ದಲ್ಲ, ಯಾರೋ ಸ್ವಿಚ್ಚು ಒತ್ತಿದಂತೆ ನಿಂತದ್ದು. ಹಾಯಿ ಮಗುಚಿತು. ಹಾಯಿಯ ಜೊತೆ ನಾನೂ ನೀರಿಗೆ.

ಮೇಲೆ ಬಂದೆ, ಆದರೆ ಮುಖ ಮೇಲೆ ಬರಲಿಲ್ಲ! ಬೆನ್ನಿನ ಮೇಲಿದ್ದ ದಪ್ಪನೆಯ ಮಗ್ಗುಲು ನನ್ನನ್ನು ಬೋರಲು ಹಾಕಿ ಹಿನ್ನೀರಿನ ತಳ ತೋರಿಸಿತು. ಒದ್ದಾಡಿ ಹಲಗೆಯನ್ನು ತಬ್ಬಿಕೊಂಡೆ. ನೆಂದ ಹಾಯಿಯನ್ನು ಎತ್ತಲು ನೋಡಿದರೆ ಸತ್ತ ಎಮ್ಮೆಯಷ್ಟು ಭಾರ.

ಸುತ್ತ ನೋಡಿದೆ. ನೀರು ಏರಿದಾಗ ಮುಳುಗಿ ಸತ್ತ ಮರಗಳು ಬೆಳ್ಳಗೆ, ಬರೀ ಕೊಂಬೆಯಾಗಿ ನಿಂತಿದ್ದವು. ಒಂದೊಂದು ಕೊಂಬೆಯ ಮೇಲೂ ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಅಲ್ಲಾಡದೆ ಕೂತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೆ ಕಣ್ಣು ಬಿಟ್ಟು ಒಟ್ಟಿಗೆ ಮುಚ್ಚಿದವು. ಒಂದು ಕಪ್ಪೆಯ ಸದ್ದಿಲ್ಲ. ಅಷ್ಟರಲ್ಲಿ ಯಾರೋ ನನ್ನ ಕತ್ತಿನ ಹಿಂದೆ ತಟ್ಟಿದರು. ಟಕ್.

ತಿರುಗಿದೆ. ಯಾರೂ ಇಲ್ಲ. ಮತ್ತೆ ಟಕ್. ಅದರ ಜೊತೆಗೇ ಬೆನ್ನ ಹಿಂದಿನ ಮರವೊಂದು ಫಳ್ಳನೆ ಕಂಡು ಕತ್ತಲಲ್ಲಿ ಮಾಯವಾಯಿತು. ಮತ್ತೆ ಕಂಡಿತು. ಯಾರೋ ನನ್ನ ಹಿಂದೆಯೇ ದೀಪ ಹಿಡಿದು ನಿಂತಿದ್ದಾರೆ! ನಾನು ಎಡಕ್ಕೆ ತಿರುಗಿದರೆ ಅವರೂ ಎಡಕ್ಕೆ. ಬಲಕ್ಕೆ ತಿರುಗಿದರೆ ಅವರೂ ಬಲಕ್ಕೆ. ನೆನಪಿಗೆ ಬಂದ ಬಸವಣ್ಣ, ಮಾರಮ್ಮ, ಹೊರಕೆರೆದೇವಪುರದ ನರಸಿಂಹಸ್ವಾಮಿ, ಎಲ್ಲರನ್ನೂ ಜಾತಿಭೇದವಿಲ್ಲದೆ ಕೂಗಿದ ಮೇಲೆ ಹೊಳೆಯಿತು. ತಟ್ಟುತ್ತಿರುವುದು ನನ್ನದೇ ಸೀಟಿ, ಮಿನುಗುತ್ತಿರುವುದು ನನ್ನದೇ ಲೈಟು. ಹೊಳೆದು ಪ್ರಯೋಜನವೇನು? ಕೈ ಅಲ್ಲಿಗೆ ಮುಟ್ಟಬೇಕಲ್ಲ! ಊದಲಾಗದ ಸೀಟಿಯನ್ನು ಬೆನ್ನಿಗೆ ಕಟ್ಟಿಕೊಂಡ ಪ್ರಪಂಚದ ಏಕೈಕ ನಾವಿಕ ನಾನು.

ಹಲಗೆಯ ಮೇಲೆ ಬೋರಲು ಮಲಗಿದೆ. ಧೈರ್ಯಕ್ಕೆ ಎಲೆ ಅಡಿಕೆ ಬಾಯಿಗೆ ತುರುಕಿಕೊಂಡೆ. ಹಲಗೆ ಮೆಲ್ಲಗೆ, ಯಾರೋ ಕೆಳಗಿನಿಂದ ಎಳೆದೊಯ್ಯುವಂತೆ, ನಡುನೀರಿನ ಕಡೆ ಸರಿಯುತ್ತಿತ್ತು. ಪೂರಾ ಕತ್ತಲಾಗುವುದರೊಳಗೆ ಯಾರಾದರೂ ಕಾಣದಿದ್ದರೆ ನನ್ನ ಕಥೆ ಮುಗಿದಂತೆಯೇ.

ಕಂಡರು! ಬಲೆ ಹಾಕಿ ಮರಳುತ್ತಿದ್ದ ತೆಪ್ಪವೊಂದರಲ್ಲಿ ಇಬ್ಬರು. ಒಬ್ಬ ಸಣ್ಣಪ್ಪ, ನಮ್ಮಂಗಡಿಯ ಗಿರಾಕಿ. ಇನ್ನೊಬ್ಬ ಅವನ ಷಡ್ಡಕ ಜುಂಜಪ್ಪ. ಟಾರ್ಚಿನ ಬೆಳಕು ನನ್ನ ಕಾಲ ಕಡೆಯಿಂದ ಹತ್ತಿಕೊಂಡು ಬಂದು ಜಾಕೆಟ್ಟಿನ ಮೇಲೆ ನಿಂತಿತು.

"ಅಂಗಾತ ಮಲಗೈತೆ ಕಣ್ಲೇ" ಎಂದ ಜುಂಜಪ್ಪ. "ಎದೆ ಮೇಲೆ ಚೈನು ಐತೆ, ಜೇಬು ಐತೆ, ದೀಪ ಉರೀತೈತೆ."

"ಮಕ ನೋಡ್ಲೇ!"

ಬೆಳಕು ನನ್ನ ಬೋಳುತಲೆಯ ಹಿಂಭಾಗಕ್ಕೆ ಬಂತು. ತೆಪ್ಪದಲ್ಲಿ ಉಸಿರು ನಿಂತ ಸದ್ದು ನನಗೇ ಕೇಳಿಸಿತು.

"ಮಕಾನೇ ಇಲ್ಲ! ಕಣ್ಣಿಲ್ಲ, ಮೂಗಿಲ್ಲ, ನುಣ್ಣಗೈತೆ!"

"ಕಾಲು ನೋಡು, ಕಾಲು!"

ಬೆಳಕು ಕಾಲಿಗೆ ಹೋಯಿತು. ಬೋರಲು ಮಲಗಿದವನ ಹಿಮ್ಮಡಿ ಮೇಲೆ, ಬೆರಳು ಕೆಳಗೆ ಇರದೆ ಇನ್ನು ಹೇಗಿರುತ್ತದೆ? ಆದರೆ ಅಂಗಾತ ಮಲಗಿದ್ದಾನೆಂದು ನಂಬಿದವರ ಕಣ್ಣಿಗೆ ನನ್ನ ಪಾದಗಳು ಹಿಂದುಮುಂದಾಗಿದ್ದವು.

"ಪಾದ ತಿರುಗ್ಯಾವೆ! ನಡೀಲೇ, ಹೋಗಾಣ!"

ಇವರು ಹೋದರೆ ನಾನೂ ಹೋದೆ! ಪ್ರಾಣಭಯದಲ್ಲಿ ಕೂಗಿದೆ, "ಸಣ್ಣಪ್ಪಾ!"

"ಹೆಸ್ರಿಡಿದು ಕರೀತೈತೆ! ಓಗೊಡಬ್ಯಾಡ!"

ನಾನು ಕತ್ತನ್ನು ಪೂರ್ತಿ ತಿರುಗಿಸಿ ಮುಖ ತೋರಿಸಿದೆ. ಎಲೆ ಅಡಿಕೆಯ ಕೆಂಪು ರಸ ಗದ್ದಕ್ಕೆ ಇಳಿಯಿತು. ಮುಖವಿಲ್ಲದ ತಲೆ ಗರಗರ ತಿರುಗಿ, ಬಾಯಿ ತುಂಬ ರಕ್ತ ಇಟ್ಟುಕೊಂಡು ನಕ್ಕರೆ ನೋಡಿದವರ ಗತಿ ಏನಾಗಬೇಡ! ಜುಂಜಪ್ಪ ಹುಟ್ಟನ್ನೇ ನೀರಿಗೆ ಬಿಟ್ಟ. ಅದಕ್ಕೇ ಅವರಿಗೆ ಓಡಲಾಗಲಿಲ್ಲ ಎನ್ನುವುದು ನನ್ನ ಆಯುಷ್ಯದ ಗಟ್ಟಿತನ.

"ನಾನು ಕಣಪ್ಪಾ, ಫ್ಯಾನಂಗಡಿ ಶಿವಕುಮಾರಪ್ಪ! ನಿಂಗೊಂದು ಟೇಬಲ್ ಫ್ಯಾನು ಕೊಟ್ಟಿರ್ಲಿಲ್ವಾ? ಬಾ, ನಾಳೇನೇ ಪುಕ್ಕಟೆ ರಿಪೇರಿ ಮಾಡಿಕೊಡ್ತೀನಿ!"

ಸಣ್ಣಪ್ಪ ಹಣೆಯ ಬೆವರು ಒರೆಸಿಕೊಂಡ. "ಅವರಲ್ಲ ಕಣ್ಲೇ. ಬದುಕಿದ್ದಾಗ ಒಂದಿನಾನೂ ಅವ್ರು ಈ ಮಾತು ಆಡ್ದೋರಲ್ಲ."

ಕೊನೆಗೆ ಅತ್ತೂ ಕರೆದೂ ಒಪ್ಪಿಸಿದೆ. ತೆಪ್ಪಕ್ಕೆ ಹತ್ತಿಸುವುದು ಮಾತ್ರ ಸಾಧ್ಯವಿಲ್ಲ ಎಂದರು. ಬಿದಿರುಗಳದಿಂದ ಹಲಗೆಯ ಹಗ್ಗವನ್ನು ದೂರದಿಂದಲೇ ಎತ್ತಿ ತೆಪ್ಪಕ್ಕೆ ಕಟ್ಟಿಕೊಂಡು, ಹುಟ್ಟಿನ ಬದಲು ಅದೇ ಗಳದಿಂದ ಆಮೆಯಂತೆ ನೀರು ತಳ್ಳುತ್ತ ಹೊರಟರು. ದಾರಿಯುದ್ದಕ್ಕೂ ಸಣ್ಣಪ್ಪ ಮುಂದೆ ನೋಡಲೇ ಇಲ್ಲ, ಜುಂಜಪ್ಪ ಹಿಂದೆ ನೋಡಲೇ ಇಲ್ಲ. ಬೆನ್ನ ಮೇಲೆ ದೀಪ ಮಿನುಗಿಸಿಕೊಂಡು ನಾನು ನನ್ನದೇ ಶವಯಾತ್ರೆಯಲ್ಲಿ ಸಾಗಿದೆ.

ತಿರುವು ದಾಟಿದಾಗ ದಡದಲ್ಲಿ ಫೋನಿನ ಬೆಳಕು ಆಡಿತು. ವೀರಮ್ಮ! ಮೊಣಕಾಲು ನೀರಿಗೆ ಇಳಿದು, ಗಂಟಲು ಹರಿಯುವಂತೆ ಕರೆಯುತ್ತಿದ್ದಳು. ದಡ ಮಾರು ದೂರವಿದ್ದಾಗ ಸಣ್ಣಪ್ಪ ತೆಪ್ಪ ನಿಲ್ಲಿಸಿದ.

"ಅಮ್ಮಾ, ಅಲ್ಲೇ ನಿಂತ್ಕಳ್ರಿ, ಮುಟ್ಟಬ್ಯಾಡ್ರಿ! ಇದು ನಿಮ್ಮ ಯಜಮಾನ್ರ ಹೆಸ್ರು ಹೇಳ್ತೈತೆ. ಅವ್ರೇ ಹೌದೋ ಅಲ್ವೋ ನೀವೇ ಹೇಳ್ರಿ. ಅಲ್ಲ ಅಂದ್ರೆ ಹಗ್ಗ ಕೊಯ್ದು ಬಿಡ್ತೀವಿ."

ವೀರಮ್ಮ ಬೆಳಕು ಹಿಡಿದಳು. ಬೋಳುತಲೆ, ಎದೆಯಂಥ ಬೆನ್ನು, ಕೆಂಪು ಬಾಯಿ, ಎಲ್ಲವನ್ನೂ ನಿಧಾನವಾಗಿ ನೋಡಿದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಒಂದು ಮಾತು ಕೇಳ್ತೀನಿ ತಡೀರಪ್ಪ" ಎಂದು ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ರೀ, ಇವತ್ತು ಇಷ್ಟೆಲ್ಲಾ ಆಗಾಕೆ ಯಾರದು ತಪ್ಪು?"

ನಾನು ಹಲಗೆಯ ಮೇಲೆ ಮೊಣಕೈ ಊರಿ ತಲೆ ಎತ್ತಿದೆ.

"ಗಾಳೀದು! ಹೇಳ್ದೆ ಕೇಳ್ದೆ ನಿಂತ್ಬಿಡ್ತು. ಇನ್ಯಾರದು ಮತ್ತೆ?"

"ಎಳ್ಕಳ್ರಪ್ಪಾ" ಎಂದಳು ವೀರಮ್ಮ. "ಇವ್ರು ನಮ್ಮನೆಯೋರೇ. ಸತ್ತಿದ್ರೆ ಇಷ್ಟೊತ್ತಿಗೆ ತಪ್ಪು ಒಪ್ಕಂಡಿರೋರು."