ನನ್ನ ನಕ್ಷೆಯಲ್ಲಿ ಕೋಳಿ ಇತ್ತು

ದಾವಣಗೆರೆಯಲ್ಲಿ ನನಗೆ ಗೊತ್ತಿಲ್ಲದ ಗಲ್ಲಿಯೇ ಇಲ್ಲ. ಈ ಮಾತನ್ನು ನಾನು ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದೂವರೆಯವರೆಗೂ ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಹೇಳುವ ಹಕ್ಕೂ ನನಗಿತ್ತು ಅನ್ನಿ. ಮೂವತ್ತು ವರ್ಷದಿಂದ ನಾನು ಬೋರ್ಡ್ ಬರೆಯುವವನು. ಕಿರಾಣಿ ಅಂಗಡಿ, ಹಲ್ಲಿನ ಆಸ್ಪತ್ರೆ, ಹಿಟ್ಟಿನ ಗಿರಣಿ, 'ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು', ಎಲ್ಲ ನನ್ನ ಕುಂಚದ್ದೇ. ಊರಿಗೆ ಊರೇ ನನ್ನ ಅಕ್ಷರ ಓದಿಕೊಂಡು ಓಡಾಡುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಜಂಬ ಕಡಿಮೆಯಾಗಲಿಲ್ಲ!

ನಾಲ್ಕು ತಿಂಗಳ ಹಿಂದೆ ನಾವು ಹಳೇ ಪೇಟೆಯ ಓಣಿ ಬಿಟ್ಟು ಸರಸ್ವತಿ ನಗರಕ್ಕೆ ಬಾಡಿಗೆಗೆ ಬಂದೆವು. ಅಷ್ಟರಲ್ಲಿ ಮಗಳು ತಸ್ಲೀಮಳಿಗೆ ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗ ಇರ್ಫಾನ್. ಅಪ್ಪ ಇಲಾಹಿ ಸಾಬ್ರದು ಅಲ್ಲಿ ಸೈಕಲ್ ಅಂಗಡಿ. ಹುಡುಗನನ್ನು ನಾವು ನೋಡಿ ಬಂದಿದ್ದೆವು, ಮಗಳೂ ಒಪ್ಪಿದ್ದಳು. ಇನ್ನು ಅವರು ನಮ್ಮ ಮನೆಗೆ ಬಂದು ಮಾತು ಮುಗಿಸುವುದೊಂದೇ ಬಾಕಿ.

ಅಲ್ಲಿಯೇ ಇದ್ದದ್ದು ನನ್ನ ಭಯ. ನಮ್ಮಲ್ಲಿ ಬೀಗರಾಗುವವರು ಸೀದಾ ಮನೆಗೆ ಬರುವುದಿಲ್ಲ. ದಾರಿ ಕೇಳುವ ನೆಪದಲ್ಲಿ ಓಣಿಯಲ್ಲಿ ನಾಲ್ಕು ಜನರ ಹತ್ತಿರ ಮನೆಯವರ ಬಗ್ಗೆ ವಿಚಾರಿಸುತ್ತಾರೆ. 'ಅವರಾ? ಬಂಗಾರದಂಥ ಜನ' ಎಂದು ಯಾರಾದರೂ ಅಂದರೆ ಚಹಾ ಕುಡಿಯುವ ಮೊದಲೇ ಅರ್ಧ ಮದುವೆಯಾದಂತೆ. 'ಯಾರು? ಗೊತ್ತಿಲ್ಲ' ಅಂದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಹಳೇ ಓಣಿಯಲ್ಲಾಗಿದ್ದರೆ ನನ್ನ ಹೆಸರು ಹೇಳಿದರೆ ಸಾಕಿತ್ತು. ಈ ಬಡಾವಣೆಯಲ್ಲಿ ನನ್ನನ್ನು ಯಾರು ಬಲ್ಲರು? ಪಕ್ಕದ ಮನೆಯವರು ಕೂಡ ನನ್ನನ್ನು ನೋಡಿದಾಗ ಮೀಟರ್ ಓದಲು ಬಂದವನೇನೋ ಎಂಬಂತೆ ಗೇಟು ತೆಗೆಯುತ್ತಿದ್ದರು.

ಬಹಳ ಯೋಚಿಸಿ ಒಂದು ಉಪಾಯ ಕಂಡುಹಿಡಿದೆ. ಬೀಗರು ಯಾರನ್ನೂ ದಾರಿ ಕೇಳಲೇಬಾರದು! ಅಷ್ಟು ನಿಖರವಾದ ಒಂದು ನಕ್ಷೆ ಬರೆದು ಕಳಿಸಬೇಕು.

ನನ್ನ ಹೆಂಡತಿ ಜರೀನಾ ಕೇಳಿ ನಕ್ಕಳು. ನಮ್ಮ ಮನೆಯ ಮಾತುಕತೆ ಉರ್ದುವಿನಲ್ಲಿ ಶುರುವಾಗಿ, ಜಗಳಕ್ಕೆ ತಿರುಗಿದಾಗ ಕನ್ನಡಕ್ಕೆ ಬರುತ್ತದೆ. ಆ ದಿನ ಬೇಗನೆ ಕನ್ನಡಕ್ಕೆ ಬಂತು.

"ಏನ್ರೀ, ಲೊಕೇಶನ್ ಕಳಿಸಿದ್ರೆ ಆಗಲ್ವಾ? ಎಲ್ರೂ ಅದನ್ನೇ ಮಾಡ್ತಾರೆ."

"ಒಂದು ಬಟನ್ ಒತ್ತಿದ್ರೆ ಮುಗೀತು ಅಬ್ಬಾ," ಎಂದಳು ತಸ್ಲೀಮಾ.

"ಬ್ಯಾಡ. ಬೋರ್ಡ್ ಬರೆಯೋ ಖಾದರ್ ಸಾಬ್ ಮನೀಗೆ ಜನ ಫೋನ್ ನೋಡ್ಕೊಂಡು ಬರಬೇಕಾ? ನನ್ನ ಮರ್ಯಾದೆ ಏನಾಗಬೇಕು?"

ಡ್ರಾಯಿಂಗ್ ಶೀಟಿನ ಮೇಲೆ ಎರಡು ಸಂಜೆ ಕೂತು ನಕ್ಷೆ ಬರೆದೆ. ಬಣ್ಣಗಳಲ್ಲಿ! ಪಿ.ಬಿ. ರಸ್ತೆಯಿಂದ ಒಳಗೆ ಬಂದು ಕನ್ನಡಕದ ಬೋರ್ಡಿನ ಹತ್ತಿರ ಎಡಕ್ಕೆ. ಮುಂದೆ ನಗುವ ಹಲ್ಲಿನ ಬೋರ್ಡಿನ ಹತ್ತಿರ ಬಲಕ್ಕೆ. ಆಮೇಲೆ ಕೆಂಪು ಜುಟ್ಟಿನ ಕೋಳಿ ಕಂಡರೆ, ಅದು ಮುಖ ಮಾಡಿರುವ ರಸ್ತೆಯಲ್ಲಿ ನಮ್ಮ ಮನೆ. ಮೂರೂ ನಾನೇ ಬರೆದ ಬೋರ್ಡುಗಳು. ಕೋಳಿಯಂತೂ ನನ್ನ ಕೈಯಿಂದ ಬಂದ ಅತ್ಯುತ್ತಮ ಕೆಲಸ. ಅದನ್ನು ನೋಡಿ ನಿಜವಾದ ಹುಂಜವೊಂದು ಜಗಳಕ್ಕೆ ಹಾರಿತ್ತು ಎಂದು ಅಂಗಡಿಯವನೇ ಹೇಳಿದ್ದ.

"ರಸ್ತೆಗಿಂತ ಕೋಳಿ ದೊಡ್ಡದಾಗೈತಲ್ರೀ," ಎಂದಳು ಜರೀನಾ.

"ಮುಖ್ಯವಾದದ್ದು ದೊಡ್ಡದಾಗೇ ಇರ್ಬೇಕು," ಎಂದು ಫೋಟೊ ತೆಗೆದು ಹರಿಹರಕ್ಕೆ ಕಳಿಸಿಬಿಟ್ಟೆ.

ಭಾನುವಾರ ಹನ್ನೊಂದಕ್ಕೆ ಬರಬೇಕಾದವರು ಹನ್ನೊಂದೂವರೆಯಾದರೂ ಬರಲಿಲ್ಲ. ಫೋನ್ ಬಂತು. ಇಲಾಹಿ ಸಾಬ್ರು.

"ಖಾದರ್ ಭಾಯ್, ಕನ್ನಡಕ ಸಿಕ್ತು. ಹಲ್ಲು ಎಲ್ಲೂ ಕಾಣ್ತಿಲ್ಲ."

"ಹಲ್ಲು ಬಿಡ್ರಿ, ಕೋಳಿ ನೋಡ್ರಿ."

"ಕೋಳಿ ಅಂಗಡಿ ಇಲ್ಲಿ ಮೂರು ಅದಾವು. ಯಾವುದು?"

"ಚಿತ್ರದ ಕೋಳಿ ಭಾಯ್, ಚಿತ್ರದ್ದು!"

"ಚಿತ್ರದ್ದು ಒಂದೂ ಇಲ್ರಿ. ಎಲ್ಲಾ ಜೀವಂತ ಅದಾವು!"

ಹಿಂದಿನಿಂದ ಒಬ್ಬ ಮುದುಕಿಯ ದನಿ ಕೇಳಿಸಿತು. "ಆ ಮನುಷ್ಯಾಗೆ ಅವನ ಊರು ಗೊತ್ತೈತೋ ಇಲ್ಲೋ?" ಇಲಾಹಿ ಸಾಬ್ರ ತಾಯಿ, ಹುಡುಗನ ಅಜ್ಜಿ. ಆ ಮನೆಯಲ್ಲಿ ಅವರು ಹೂಂ ಅನ್ನದೆ ಏನೂ ನಡೆಯುವುದಿಲ್ಲ.

"ನಿಂತಲ್ಲೇ ನಿಂತಿರ್ರಿ, ನಾನೇ ಬಂದೆ. ಸುತ್ತ ಏನೇನ್ ಕಾಣ್ತೈತೆ?"

"ಒಂದು ಮೊಬೈಲ್ ಅಂಗಡಿ ಐತೆ. ಒಂದು ಆಕಳು ಮಲಗೈತೆ. ಒಬ್ಬರು ಗಿಡಕ್ಕೆ ನೀರು ಬಿಡಾಕತ್ತಾರೆ."

ದಾವಣಗೆರೆಯಲ್ಲಿ ಈ ಮೂರೂ ಒಟ್ಟಿಗೆ ಇಲ್ಲದ ಜಾಗವನ್ನು ಹುಡುಕುವುದು ಕಷ್ಟ! ಆದರೂ ಸ್ಕೂಟರ್ ಹತ್ತಿದೆ.

ಮೊದಲ ಮೊಬೈಲ್ ಅಂಗಡಿಯಲ್ಲಿ ಆಕಳಿರಲಿಲ್ಲ. ಎರಡನೆಯದರಲ್ಲಿ ಆಕಳಿತ್ತು, ಬೀಗರಿರಲಿಲ್ಲ. ಹಲ್ಲಿನ ಬೋರ್ಡ್ ಇದ್ದಲ್ಲಿಗೆ ಹೋದೆ. ಅಲ್ಲಿ ಈಗ ಮಿನುಗುವ ದೀಪದ ಜಿಮ್ ಇತ್ತು. ಕೋಳಿಯ ಜಾಗಕ್ಕೆ ಬಂದು ತಲೆಯೆತ್ತಿ ನೋಡಿದೆ. ಮೊಬೈಲ್ ಕವರ್ ಅಂಗಡಿ! ಕೋಳಿ ಎಂದೋ ಹೋಗಿತ್ತು. ಬೀಗರೂ ಅಷ್ಟರಲ್ಲಿ ಅಲ್ಲಿಂದ ಹೋಗಿದ್ದರು.

ದಿನಾ ಅದೇ ತಿರುವಿನಲ್ಲಿ ಓಡಾಡುವವನಿಗೆ ಕೋಳಿ ಇಲ್ಲದ್ದು ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದರು. ನನಗೂ ಅದು ಸೋಜಿಗವೇ. ನಾಲ್ಕು ತಿಂಗಳು ನಾನು ಇಲ್ಲದ ಕೋಳಿಯನ್ನು ನೋಡಿ ಬಲಕ್ಕೆ ತಿರುಗಿದ್ದೇನೆ. ಕೋಳಿ ಇದ್ದದ್ದು ಗೋಡೆಯ ಮೇಲಲ್ಲ, ನನ್ನ ತಲೆಯಲ್ಲಿ. ಹಾಗಾದರೆ ಉಳಿದ ಜನರ ತಲೆಯಲ್ಲಿ ಏನಿರುತ್ತದೆ? ಒಂದೇ ಊರಿನಲ್ಲಿ ಎಷ್ಟು ಊರುಗಳಿವೆ?

ಉತ್ತರ ಬೇಗನೆ ಸಿಕ್ಕಿತು. ಬೀಗರನ್ನು ಹುಡುಕುತ್ತ ಬಡಾವಣೆಯ ಹಿಂಭಾಗಕ್ಕೆ ಹೋಗಿಬಿಟ್ಟಿದ್ದೆ. ನಾಲ್ಕು ತಿಂಗಳಲ್ಲಿ ಒಂದು ದಿನವೂ ಕಾಲಿಡದ ಕಡೆ. ಅಲ್ಲಿ ಅಂಗಡಿಗಳಿಲ್ಲ, ಬೋರ್ಡುಗಳಿಲ್ಲ. ಒಂದೇ ತರದ ಮನೆ, ಒಂದೇ ತರದ ಗೇಟು. ಮರಳುವ ದಾರಿ ತಪ್ಪಿತು!

ನನ್ನ ಮನೆ ಎಲ್ಲಿ ಎಂದು ಕೇಳಲು ನಾಚಿಕೆಯಾಗಿ, ಕವರ್ ಅಂಗಡಿಗೆ ದಾರಿ ಕೇಳಿದೆ. ಆಟೊದವನೊಬ್ಬ, "ಸೀದಾ ಹೋಗ್ರಿ, ಎರಡು ಹಂಪ್ ದಾಟ್ರಿ, ಮೂರನೇದು ಸೊಂಟ ಮುರಿಯೋ ಹಂಪ್, ಅಲ್ಲಿ ಎಡಕ್ಕೆ" ಎಂದ. ಅವನ ಊರು ಪೂರ್ತಿ ಹಂಪುಗಳದು. ನನಗೆ ಮೂರೂ ಸೊಂಟ ಮುರಿಯುವಂತೆಯೇ ಇದ್ದವು. ಹಾಲಿನ ಸೈಕಲ್ಲಿನವನ ಊರು ನಾಯಿಗಳದು. "ಕರೀ ನಾಯಿ ಇರೋ ಮನಿ ಕಡೆ ಹೋಗಬ್ಯಾಡ್ರಿ, ಕುಂಟ ನಾಯಿ ಕಡೆ ಹೋಗ್ರಿ, ಅದು ಏನೂ ಮಾಡಲ್ಲ." ನಾನು ಹೋದ ಕಡೆ ಇದ್ದದ್ದು ಕರಿಯ ನಾಯಿ. ಅದು ಏನು ಮಾಡಿತು ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. "ನೀವು ಈಗ ಮೂರನೇ ಮೇನ್, ಐದನೇ ಕ್ರಾಸಿನಲ್ಲಿದ್ದೀರಿ," ಎಂದು ಶುರುಮಾಡಿ, ಬಡಾವಣೆಗೆ ನಂಬರು ಕೊಟ್ಟವರು ಲೆಕ್ಕದಲ್ಲಿ ಎಲ್ಲಿ ತಪ್ಪಿದರು ಎಂಬಲ್ಲಿಗೆ ಬರುವಷ್ಟರಲ್ಲಿ ಹತ್ತು ನಿಮಿಷವಾಗಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ಕೂತು ಕೇಳುತ್ತಿದ್ದೆ. ಅಷ್ಟು ಚೆನ್ನಾಗಿತ್ತು.

ಕೊನೆಗೆ ಒಂದು ಕಾಂಪೌಂಡ್ ಗೋಡೆಯ ನೆರಳಲ್ಲಿ ಸ್ಕೂಟರ್ ನಿಲ್ಲಿಸಿ ಬೆವರು ಒರೆಸಿಕೊಂಡೆ. ಗೋಡೆಯಾಚೆ ಹಗ್ಗದ ಮೇಲೆ ಹಸಿರು ಚೌಕಳಿಯ ಲುಂಗಿ ಒಣಗುತ್ತಿತ್ತು. 'ನನ್ನದೂ ಇಂಥದ್ದೇ ಒಂದಿದೆ' ಅಂದುಕೊಂಡೆ. ಮಗಳ ಸಂಬಂಧ ನನ್ನ ಕೈಯಾರೆ ಹಾಳಾಯಿತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಅಷ್ಟರಲ್ಲಿ ತಸ್ಲೀಮಳ ಫೋನ್.

"ಅಬ್ಬಾ, ಎಲ್ಲಿದ್ದೀರಾ? ಅವರು ಬಂದು ಅರ್ಧ ಗಂಟೆ ಆಯ್ತು!"

"ಬಂದ್ರಾ? ಹೆಂಗೆ ಬಂದ್ರು?"

"ಅದೆಲ್ಲಾ ಆಮೇಲೆ. ನೀವು ಎಲ್ಲಿದ್ದೀರಾ ಹೇಳಿ."

"ಒಂದು ಗೋಡೆ ಹತ್ರ. ಲುಂಗಿ ಒಣಗಾಕತ್ತೈತೆ. ಹಸಿರು ಚೌಕಳಿ."

ತಸ್ಲೀಮಾ ಫೋನ್ ಇಟ್ಟೇಬಿಟ್ಟಳು. ಆಮೇಲೆ ಗೋಡೆಯಾಚೆ ಹಿತ್ತಲ ಬಾಗಿಲು ತೆರೆಯಿತು. ಲುಂಗಿ ಪಕ್ಕಕ್ಕೆ ಸರಿಯಿತು. ಅಲ್ಲಿ ನಿಂತಿದ್ದವನು ನನ್ನ ಭಾವಿ ಅಳಿಯ.

"ಮಾಮು, ಅಲ್ಲೇ ಇರ್ರಿ," ಎಂದ ಇರ್ಫಾನ್, ನಗು ತಡೆದುಕೊಂಡು. "ನಾನೇ ಸುತ್ತಿ ಬಂದು ಕರ್ಕೊಂಡ್ ಹೋಗ್ತೀನಿ."

ನನ್ನ ಮನೆಗೆ ನನ್ನನ್ನು ಹರಿಹರದ ಹುಡುಗ ಕೈಹಿಡಿದು ಕರೆದುಕೊಂಡು ಬಂದ!

ಒಳಗೆ ಕಾಲಿಟ್ಟರೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಬೀಗರು ಐದು ಜನ. ಜೊತೆಗೆ ನಾನು ಎಂದೂ ಮಾತಾಡಿಸದ ಓಣಿಯ ಹೆಂಗಸರು ಮೂವರು, ತಮ್ಮ ಮನೆಯೇ ಎಂಬಂತೆ ಚಹಾದ ಲೋಟ ಹಂಚುತ್ತಿದ್ದರು. ಮಧ್ಯದಲ್ಲಿ ಅಜ್ಜಿ.

"ಬಂದ್ಯಪ್ಪಾ? ಕೂಡು," ಎಂದರು ಅಜ್ಜಿ. "ಬೋರ್ಡ್ ಬರೆಯೋ ಖಾದರ್ ಸಾಬನ ಮನಿ ಎಲ್ಲಿ ಅಂತ ಹತ್ತು ಮಂದೀನ ಕೇಳಿದ್ವಿ. ಒಬ್ರಿಗೂ ಗೊತ್ತಿಲ್ಲ."

ಯಾವ ಮಾತಿಗೆ ಹೆದರಿ ನಕ್ಷೆ ಬರೆದೆನೋ ಅದೇ ಮಾತು! ನೆಲ ಬಾಯ್ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

"ಆಮೇಲೆ ನಾನೇ ಅಂದೆ, ಗಂಡಸರನ್ನ ಕೇಳಿದ್ದು ಸಾಕು, ಗಿಡಕ್ಕೆ ನೀರು ಹಾಕೋ ಆ ಹೆಂಗಸನ್ನ ಕೇಳ್ರೋ. ತಸ್ಲೀಮಾ ಅನ್ನೋ ಹುಡುಗಿ ಇರೋ ಮನಿ ಯಾವುದವ್ವಾ ಅಂದ್ವಿ."

ಚಹಾ ಹಂಚುತ್ತಿದ್ದ ಹೆಂಗಸೊಬ್ಬರು ಮಾತು ಎತ್ತಿಕೊಂಡರು. "ನಮ್ ಜರೀನಕ್ಕಾರ ಮನಿ ಅಲ್ವೇನ್ರಿ ಅಜ್ಜಿ! ನಮಗೆ ಟೈಮಿಗೆ ನೀರು ಬರಂಗೆ ಮಾಡಿದ್ದು ಯಾರು ಮತ್ತೆ?"

ಆಗ ನನಗೂ ಸುದ್ದಿ ತಿಳಿಯಿತು. ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆಂದು ನೀರು ಬಿಡುವವನಿಗೇ ಗೊತ್ತಿರುತ್ತಿರಲಿಲ್ಲವಂತೆ. ಒಂದು ದಿನ ಜರೀನಾ ರಸ್ತೆಯ ವಾಲ್ವಿನ ಮುಚ್ಚಳದ ಮೇಲೆ ಕುರ್ಚಿ ಹಾಕಿ, ಸೊಪ್ಪು ಬಿಡಿಸುತ್ತ ಕೂತಳಂತೆ. ವಾಲ್ವ್ ತಿರುಗಿಸಲು ಬಂದವನಿಗೆ 'ಟೈಮ್ ಹೇಳು, ಏಳ್ತೀನಿ' ಅಂದಳಂತೆ. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಆರು ಕುರ್ಚಿಗಳಾಗಿದ್ದವಂತೆ. ಅಂದಿನಿಂದ ನೀರಿಗೂ ಟೈಮ್ ಇದೆ, ಜರೀನಾಳಿಗೂ ಹೆಸರಿದೆ. ನಾನು ಆ ದಿನ ಎಲ್ಲಿದ್ದೆನೋ! ಬಕೆಟ್ ತುಂಬಿದ್ದನ್ನು ನೋಡಿದ್ದೇನೆ, ಯಾಕೆ ತುಂಬಿದೆ ಎಂದು ಕೇಳಿರಲಿಲ್ಲ.

ನಾನು ಮೂವತ್ತು ವರ್ಷ ಬೋರ್ಡ್ ಬರೆದು ಸಂಪಾದಿಸಿದ್ದನ್ನು ಇವಳು ಒಂದು ಕುರ್ಚಿ ಹಾಕಿ ಸಂಪಾದಿಸಿದ್ದಳು. ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

"ಇಂಥಾ ತಾಯಿ ಕೈಯಾಗೆ ಬೆಳೆದ ಹುಡುಗಿ ಬಗ್ಗೆ ಇನ್ನೇನು ಕೇಳೋದೈತೆ? ಮಾತು ಮುಗೀತು, ಸಕ್ಕರೆನೂ ತಿನ್ನಿಸಿದ್ವಿ," ಎಂದರು ಇಲಾಹಿ ಸಾಬ್ರು.

ನಾನಿಲ್ಲದೆಯೇ ನನ್ನ ಮಗಳ ಸಂಬಂಧ ಗಟ್ಟಿಯಾಗಿತ್ತು. ನೋಡಿದರೆ, ನಾನಿಲ್ಲದ್ದರಿಂದಲೇ ಗಟ್ಟಿಯಾದಂತಿತ್ತು! ತಸ್ಲೀಮಾ ಬಾಗಿಲ ಬಳಿ ನಿಂತು ನನ್ನ ಮುಖ ನೋಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ನೋಡದಿರಲೆಂದು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡೆ.

"ಮದುವಿ ದಾವಣಗೆರೆಯಾಗೇ ಮಾಡ್ರಿ," ಎಂದರು ಅಜ್ಜಿ. "ಶಾದಿಮಹಲ್ ಎಲ್ಲಿ ಅನ್ನೋದು ಜರೀನಾ ನಮಗೆ ಹೇಳ್ಲಿ, ಸಾಕು. ನೀನು ಏನೂ ಬರೀಬ್ಯಾಡ." ಆಮೇಲೆ ಸ್ವಲ್ಪ ಯೋಚಿಸಿ ಮಗನ ಕಡೆ ತಿರುಗಿದರು. "ಆವತ್ತು ಬೆಳಿಗ್ಗೆ ಹರಿಹರದಿಂದ ಇಬ್ಬರನ್ನ ಮೊದಲೇ ಕಳಿಸು. ಇವನನ್ನ ಮನಿಯಿಂದ ಮಹಲಿಗೆ ಕರ್ಕೊಂಡು ಬರ್ಲಿ."

ಎಲ್ಲರ ಮನೆಯ ಮದುವೆಯಲ್ಲಿ ಮದುಮಗನನ್ನು ಕರೆತರಲು ಜನ ಹೋಗುತ್ತಾರೆ. ನಮ್ಮ ಮನೆಯ ಮದುವೆಯಲ್ಲಿ ಆ ಮರ್ಯಾದೆ ಹೆಣ್ಣಿನ ಅಪ್ಪನಿಗೆ!