ಒಂದು ಚಿಟಿಕೆ ಸತು, ಐದು ಕ್ಷಮಾಪಣೆ

ಅದು ಹಳದಿ ಪಟ್ಟಿಯ ಒರಳೋ, ಬಿಳಿ ಪಟ್ಟಿಯದೋ? ಬಿಳಿಯದೇ ಇರಬೇಕು. ಆದರೆ ಬಿಳಿಯದೇ ಆಗಿದ್ದರೆ ಪಟ್ಟಿ ನೋಡಿದ ನೆನಪು ಯಾಕಿಲ್ಲ? ನೆನಪಿಲ್ಲವೆಂದ ಮಾತ್ರಕ್ಕೆ ನೋಡಿಲ್ಲ ಎಂದಾಗುತ್ತದೆಯೇ?

ಸೆಂದಾಯ್ ಊರಿನ ಬೆಟ್ಟ ಹತ್ತುತ್ತಿದ್ದ ಬಸ್ಸಿನಲ್ಲಿ ಕುರಾಮೊಚಿ ಹಿಮ ಕಟ್ಟಿದ ಕಿಟಕಿಗೆ ಹಣೆ ಒತ್ತಿ ಕೂತಿದ್ದ. ಅನುಮಾನ ಹುಟ್ಟಿದ್ದು ಹಿಂದಿನ ಸಂಜೆ, ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾಗ. ನೀರು ತಣ್ಣಗಾಗಿತ್ತು, ಅನುಮಾನ ಮಾತ್ರ ಬಿಸಿಯಾಗುತ್ತಲೇ ಹೋಗಿತ್ತು.

ಪ್ರಯೋಗಾಲಯದಲ್ಲಿ ಅಕೀಕು ಎಂಬ ಗಟ್ಟಿ ಕಲ್ಲಿನ ಪುಟ್ಟ ಒರಳುಗಳು ಎರಡೇ ಎರಡು. ಬಿಳಿ ಪಟ್ಟಿ ಅಂಟಿಸಿದ್ದು ಶುದ್ಧ ಹರಳಿನ ಪುಡಿ ಅರೆಯಲು. ಹಳದಿ ಪಟ್ಟಿಯದು ಸತು ಬೆರೆಸಿದ ಪುಡಿ ಅರೆಯಲು. ಒಂದರ ಕೆಲಸ ಇನ್ನೊಂದರಲ್ಲಿ ಮಾಡುವಂತಿಲ್ಲ. ಅಲ್ಲಿ ಅದು ಚಪ್ಪಲಿ ಹಾಕಿಕೊಂಡು ಚಾಪೆ ತುಳಿದಷ್ಟು ದೊಡ್ಡ ಅಪರಾಧ. ಹೋದ ತಿಂಗಳು ಹೊಸ ಹರಳು ಬೆಳೆಸಲು ಪುಡಿ ತೂಗಿಕೊಂಡು ಬಂದಾಗ, ಕುರಾಮೊಚಿಯ ಮೇಜಿನ ಮೇಲೆ ಒರಳು ಆಗಲೇ ಸಿದ್ಧವಾಗಿತ್ತು. ಯಾರೋ ತನಗಾಗಿ ತಂದಿಟ್ಟಿದ್ದಾರೆ! ಅವನಿಗೆ ಯಾರೂ ಏನನ್ನೂ ತಂದಿಟ್ಟವರಲ್ಲ. ಆ ಸಂತೋಷದ ಗಡಿಬಿಡಿಯಲ್ಲಿ ಒರಳಿನ ಪಟ್ಟಿಯನ್ನೂ ನೋಡಲಿಲ್ಲ, ತಳವನ್ನೂ ನೋಡಲಿಲ್ಲ. ತೂಗಿದ ಪುಡಿಯನ್ನೆಲ್ಲ ಸುರಿದು, ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಅರೆದುಬಿಟ್ಟಿದ್ದ.

ಆ ಹರಳನ್ನು ಇವತ್ತು ತಣಿಸಿ ಪರೀಕ್ಷಿಸುವ ದಿನ. ಮಧ್ಯಾಹ್ನ ಅದನ್ನು ಒಯ್ಯಲು ತೋಕಾಯಿಯ ನ್ಯೂಟ್ರಾನ್ ಕೇಂದ್ರದಿಂದ ಕೊಜುಕಾ ಎಂಬಾಕೆ ಬರುವವರಿದ್ದರು. ಕುರಾಮೊಚಿಯ ನೌಕರಿಯ ಕರಾರು ಮಾರ್ಚಿಗೆ ಮುಗಿಯುತ್ತಿತ್ತು. "ಹರಳು ಶುದ್ಧವಾಗಿ ಬಂದ್ರೆ ಖಾಯಂ ಹುದ್ದೆಗೆ ನಿಮ್ಮ ಹೆಸರು ಹೇಳ್ತೀನಿ" ಎಂದು ಪ್ರೊಫೆಸರ್ ಉಸಾಮಿ ವರ್ಷದ ಕೊನೆಯ ಊಟದಲ್ಲಿ ಹೇಳಿದ್ದರು. ಉಸಾಮಿ ಅಷ್ಟುದ್ದದ ವಾಕ್ಯ ಆಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಬಾಗಿಲಲ್ಲಿ ಬೂಟು ಕಳಚುತ್ತಿರುವಾಗಲೇ ಕಾರ್ಯದರ್ಶಿ ನಾಗಾಮಿನೆ ಸಿಕ್ಕಿದರು. ಐವತ್ತು ದಾಟಿದ ಹೆಂಗಸು. ಆ ಕಟ್ಟಡದಲ್ಲಿ ಯಾರ ಸೀನೂ ಅವರಿಗೆ ಗೊತ್ತಾಗದೆ ಹೊರಬರುತ್ತಿರಲಿಲ್ಲ.

"ಏನ್ರೀ ಕುರಾಮೊಚಿ-ಸಾನ್, ಮುಖ ಹೀಗಿದೆ? ರಾತ್ರಿ ನಿದ್ದೆ ಮಾಡ್ಲಿಲ್ವಾ?"

"ಮಾಡಿದೆ."

"ಸುಳ್ಳು. ಎಡಗಾಲಿಗೆ ನನ್ನ ಚಪ್ಪಲಿ ಹಾಕ್ಕೊಂಡಿದೀರಿ, ನೋಡಿ."

ಹೀಲಿಯಂ ಯಂತ್ರ ನೋಡಿಕೊಳ್ಳುವ ಹತಕೆಯಾಮ ಒಳಗಿಂದ ಕೂಗಿದ. "ಬಿಡಿ ನಾಗಾಮಿನೆ-ಸಾನ್, ಅವನು ಪ್ರೀತಿಯಲ್ಲಿ ಬಿದ್ದಿರಬೇಕು!"

"ಇವರಾ? ಇವರು ಬೀಳೋದು ಮೆಟ್ಟಿಲ ಮೇಲಿಂದ ಮಾತ್ರ."

ಕುರಾಮೊಚಿ ಎಡಗಾಲಿನ ಚಪ್ಪಲಿ ಬದಲಿಸಿಕೊಂಡ. ಅವನು ಉತ್ತರ ಕೊಡುವುದು ಕಡಿಮೆ. ಅದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಮೂವತ್ತು ದಾಟುವವರೆಗೂ ನಂಬಿದ್ದ. ಆಮೇಲೊಮ್ಮೆ ಹೆಣ್ಣು ನೋಡುವ ಊಟಕ್ಕೆ ಹೋಗಿ, ಮೊದಲ ಬಟ್ಟಲಿನಿಂದ ಕೊನೆಯ ಬಟ್ಟಲಿನವರೆಗೆ ತುಟಿ ಬಿಚ್ಚದೆ ಕೂತ. ಆ ಮೌನ ತುಂಬಲು ಅವನ ತಾಯಿ ಒಂದು ಮಾತಾಡಿದರು, ಹೆಣ್ಣಿನ ಚಿಕ್ಕಮ್ಮ ಎರಡು ಮಾತಾಡಿದರು, ಹಣ್ಣು ಬರುವ ಹೊತ್ತಿಗೆ ಎರಡೂ ಮನೆಯವರು ಜನ್ಮದ ವೈರಿಗಳಾಗಿದ್ದರು. ಅವನು ಮಾತ್ರ ಯಾರಿಗೂ ಏನೂ ಅಂದಿರಲಿಲ್ಲ.

ಸತುವಿನ ಗುಣವೂ ಇದೇ. ಅವನು ಡಾಕ್ಟರೇಟಿಗೆ ಬರೆದದ್ದು ಅದರ ಮೇಲೆ. ಬರೆಯುವಾಗ ಆತ್ಮಚರಿತ್ರೆ ಬರೆಯುತ್ತಿದ್ದೇನೆ ಎನಿಸಿತ್ತು. ಸೀಸ, ತವರದಂಥ ಹಳೆಯ ಅತಿವಾಹಕಗಳ, ಅಂದರೆ ತಣಿಸಿದಾಗ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುಗಳ, ಲೆಕ್ಕ ಸುಲಭ: ಕಾಂತಗುಣದ ಬೆರಕೆಯೇ ಅವಕ್ಕೆ ಶತ್ರು, ಉಳಿದ ಬೆರಕೆಯನ್ನು ಅವು ಲೆಕ್ಕಕ್ಕೇ ಇಡುವುದಿಲ್ಲ. ಕುರಾಮೊಚಿ ಬೆಳೆಸುವಂಥ ತಾಮ್ರದ ಆಕ್ಸೈಡಿನ ಹರಳುಗಳ ಮನೆಯಲ್ಲಿ ಎಲ್ಲ ತಲೆಕೆಳಗು. ನಿಕ್ಕಲ್ ತಾನೇ ಒಂದು ಪುಟ್ಟ ಅಯಸ್ಕಾಂತ, ಗಲಾಟೆಯ ಪ್ರಾಣಿ. ಅದನ್ನು ಈ ಹರಳುಗಳು ಹೇಗೋ ತಕ್ಕಮಟ್ಟಿಗೆ ಸಹಿಸಿಕೊಳ್ಳುತ್ತವೆ. ಸತುವಿಗೆ ಕಾಂತಗುಣವೇ ಇಲ್ಲ. ಒಂದು ತಾಮ್ರದ ಜಾಗದಲ್ಲಿ ಬಾಯಿಮುಚ್ಚಿ ಕೂರುತ್ತದೆ, ಅಷ್ಟೆ. ಅದು ಕೂತದ್ದೇ ತಡ, ಸುತ್ತಲಿನ ತಾಮ್ರಗಳ ಕಾಂತಗುಣ ಕೆರಳುತ್ತದೆ. ಕೈಕೈ ಹಿಡಿದು ತಡೆಯಿಲ್ಲದೆ ಹರಿಯುತ್ತಿದ್ದ ಎಲೆಕ್ಟ್ರಾನ್ ಜೋಡಿಗಳು ಕೈಬಿಟ್ಟು ಚೆದುರುತ್ತವೆ. ಹರಳಿನ ತಾಮ್ರದಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ಸತು ಸಾಕು.

ಹತ್ತು ಗಂಟೆಗೆ ಹರಳನ್ನು ಹೀಲಿಯಮ್ಮಿನ ತಣ್ಪಿಗೆ ಇಳಿಸಿದರು. ಮೂವತ್ತೆಂಟು ಕೆಲ್ವಿನ್ನಿಗೆ ಅದು ಅತಿವಾಹಕವಾಗಿ, ಕಾಂತಕ್ಷೇತ್ರವನ್ನು ಹೊರದಬ್ಬಬೇಕು. ಆಗ ಪರದೆಯ ಮೇಲಿನ ಗೆರೆ ದಡಕ್ಕನೆ ಕೆಳಗೆ ಬೀಳುತ್ತದೆ. ಪ್ರೊಫೆಸರ್ ಉಸಾಮಿ ಕೈಕಟ್ಟಿ ನಿಂತರು. ಮೂವತ್ತೆಂಟು ಬಂತು, ಹೋಯಿತು. ಗೆರೆ ಮಲಗಿದ ಎಮ್ಮೆಯ ಹಾಗೆ ಅಲ್ಲಾಡಲಿಲ್ಲ. ಮೂವತ್ತು. ಇಪ್ಪತ್ತೈದು. ಹತಕೆಯಾಮ ಗಂಟಲು ಸರಿಮಾಡಿಕೊಂಡ. ಇಪ್ಪತ್ತು. ಹದಿನೇಳಕ್ಕೆ ಬಂದಾಗ ಗೆರೆ ನಾಚಿಕೊಂಡು ಇಳಿಯಿತು.

"ಹೌದೇ" ಎಂದರು ಉಸಾಮಿ.

ಉಸಾಮಿ ಯಾರನ್ನೂ ಬೈದವರಲ್ಲ. ಅವರ 'ಹೌದೇ' ಕೇಳಿದವರು, ಇದರ ಬದಲು ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದರು.

ಹರಳಿನ ತುದಿಯ ಚೂರೊಂದನ್ನು ಪಕ್ಕದ ಕಟ್ಟಡದ ಎಕ್ಸ್‌ರೇ ಯಂತ್ರಕ್ಕೆ ಕಳಿಸಿದರು. ಊಟದ ಹೊತ್ತಿಗೆ ಉತ್ತರ ಬಂತು: ಸತು.

ಈಗಲೇ ಹೋಗಿ ಹೇಳಿಬಿಡಬೇಕು. ಕುರಾಮೊಚಿ ಕೋಟಿನ ಗುಂಡಿ ಹಾಕಿಕೊಂಡು, ಮೆಟ್ಟಿಲಲ್ಲಿ ಎರಡು ಸಲ ಬಗ್ಗಿ ಅಭ್ಯಾಸ ಮಾಡಿ, ಪ್ರೊಫೆಸರರ ಕೋಣೆಗೆ ಹೋದ. ಅಲ್ಲಿ ಹತಕೆಯಾಮ ಆಗಲೇ ಸೊಂಟ ಮುರಿಯುವಷ್ಟು ಬಗ್ಗಿ ನಿಂತಿದ್ದ.

"ನಂದೇ ತಪ್ಪು ಸೆನ್ಸೇ! ಬಟ್ಟಿ ಇಳಿಸಿದ ನೀರನ್ನ ತಗಡಿನ ಬಕೆಟ್ಟಲ್ಲಿ ತಂದೆ. ಅದಕ್ಕೆ ಸತುವಿನ ಲೇಪ ಇರುತ್ತೆ, ನನಗೆ ತಿಳೀಬೇಕಿತ್ತು!"

ಅವನ ಹಿಂದೆ ನಾಗಾಮಿನೆ ಕಾಯುತ್ತಿದ್ದರು. ಕುರಾಮೊಚಿಯನ್ನು ನೋಡಿ ಕಣ್ಣು ಕೆಕ್ಕರಿಸಿದರು. "ಸಾಲಲ್ಲಿ ಬನ್ನಿ. ನಾನು ಮುಂಚೆ ಬಂದೋಳು."

"ನೀವ್ಯಾಕೆ?"

"ಚಳಿಗೆ ಕೈ ಒಡೆದಿತ್ತು, ಮುಲಾಮು ಹಚ್ಕೊಂಡಿದ್ದೆ. ಅದರಲ್ಲಿ ಸತು ಇರುತ್ತಂತೆ. ಅದೇ ಕೈಯಲ್ಲಿ ನಿಮ್ಮ ಪುಡಿ ಡಬ್ಬಿ ಒರೆಸಿಟ್ಟೆ. ಅಯ್ಯೋ, ನೆನೆಸ್ಕೊಂಡ್ರೆ ಎದೆ ಹೊಡ್ಕೊಳುತ್ತೆ."

ಅವರ ಮುಖದಲ್ಲಿ ಎದೆ ಹೊಡೆದುಕೊಳ್ಳುವ ಲಕ್ಷಣವೇನೂ ಇರಲಿಲ್ಲ. ಆ ಪ್ರಯೋಗಾಲಯದಲ್ಲಿ ಕ್ಷಮೆ ಕೇಳುವುದೆಂದರೆ ಊಟಕ್ಕೆ ಮುಂಚೆ ಕೈಮುಗಿಯುವ ಹಾಗೆ: ಹಸಿವಿರಲಿ ಬಿಡಲಿ, ಕೈ ಮುಗಿಯದಿದ್ದರೆ ಮರ್ಯಾದೆಯಲ್ಲ. ನಾಗಾಮಿನೆಯ ಸರದಿ ಮುಗಿಯುವಷ್ಟರಲ್ಲಿ ಕೊಜುಕಾ ಬಂದಿಳಿದರು, ಒಂದು ಕೈಯಲ್ಲಿ ಹರಳು ಒಯ್ಯುವ ಖಾಲಿ ಪೆಟ್ಟಿಗೆ, ಇನ್ನೊಂದರಲ್ಲಿ ತಮ್ಮ ಕಡೆಯ ಒಣಗಿಸಿದ ಸಿಹಿಗೆಣಸಿನ ಪೊಟ್ಟಣ. ಸುದ್ದಿ ಕೇಳಿ ಅವರ ಮುಖ ಇಳಿಯಿತು. ನ್ಯೂಟ್ರಾನ್ ಯಂತ್ರದಲ್ಲಿ ಸಿಕ್ಕ ಸರದಿ ತಪ್ಪಿದರೆ ಇನ್ನು ಮುಂದಿನ ವರ್ಷವೇ. ಆದರೂ ಪೆಟ್ಟಿಗೆ ಕೆಳಗಿಡುವ ಮುನ್ನವೇ ಬಗ್ಗಿದರು. "ನಾನು ಅವಸರ ಮಾಡಿದ್ದಕ್ಕೇ ಹೀಗಾಯ್ತು. ತಪ್ಪೆಲ್ಲ ನಂದು."

ಎಲ್ಲರೂ ಚಹಾಕ್ಕೆ ಕೂತರು. ಉಸಾಮಿ ಒಂದು ಗೆಣಸಿನ ತುಂಡು ತೆಗೆದುಕೊಂಡು, ಅದರ ಮೇಲೆ ಸೋಯಾ ಸಾಸನ್ನು ಧಾರೆಯಾಗಿ ಸುರಿದು, ಶಾಂತವಾಗಿ ಅಗಿದರು. ಸಿಹಿಗೆಣಸಿನ ಮೇಲೆ ಸೋಯಾ! ನಾಗಾಮಿನೆ ಕ್ಯಾಲೆಂಡರ್ ನೋಡಿದರು. ಹತಕೆಯಾಮ ತನ್ನ ಉಗುರು ನೋಡಿಕೊಂಡ. ಕೆಲವು ತಿಂಗಳಿಂದ ಸೆನ್ಸೇ ಹೀಗೆಯೇ ಎಲ್ಲದಕ್ಕೂ ಸೋಯಾ ಸುರಿಯುತ್ತಿದ್ದರು. ಯಾರೂ ಯಾಕೆಂದು ಕೇಳಿರಲಿಲ್ಲ. ಹಾಗೆಲ್ಲ ಕೇಳುವುದಿಲ್ಲ.

"ರುಚಿಯಾಗಿದೆ" ಎಂದರು ಉಸಾಮಿ. ಆಮೇಲೆ ಚಹಾದ ಬಟ್ಟಲು ಕೆಳಗಿಟ್ಟು, "ಮೂರು ಗಂಟೆಗೆ ಆತ್ಮಪರಿಶೀಲನೆಗೆ ಕೂರೋಣ" ಎಂದರು.

ಅದು ಅಲ್ಲಿನ ಪದ್ಧತಿ: ಏನಾದರೂ ಕೆಟ್ಟರೆ ಎಲ್ಲರೂ ಸುತ್ತ ಕೂತು ತಂತಮ್ಮ ತಪ್ಪನ್ನು ಹೇಳಿಕೊಳ್ಳಬೇಕು, ಇನ್ನೊಬ್ಬರದನ್ನು ಹೇಳುವಂತಿಲ್ಲ. ಮೂರಕ್ಕೆ ಐದು ಕುರ್ಚಿಗಳು ಮೇಜಿನ ಸುತ್ತ ಬಂದವು. ಒಲೆಯ ಮೇಲೆ ನೀರಿನ ಪಾತ್ರೆ ಸಣ್ಣಗೆ ಗೊರಗುಡುತ್ತಿತ್ತು. ವಾಡಿಕೆಯಂತೆ ಹಿರಿಯರೇ ಮೊದಲು. ಉಸಾಮಿ ಎದ್ದು, ಬಿಳಿತಲೆ ಮೇಜಿಗೆ ತಾಗುವಷ್ಟು ಬಗ್ಗಿದರು.

"ಎಲ್ಲದಕ್ಕೂ ಮೂಲ ನಾನು. ಆ ಸತು ನನ್ನ ಕೈಯಿಂದಲೇ ಬಿತ್ತು ಅಂದ್ಕೊಳ್ಳಿ."

"ಛೆ ಛೆ, ಎಂಥ ಮಾತು ಸೆನ್ಸೇ!" ಎಂದರು ಎಲ್ಲರೂ ಒಂದೇ ದನಿಯಲ್ಲಿ. ಅದೂ ವಾಡಿಕೆಯೇ.

ಆಮೇಲೆ ಬಕೆಟ್ಟು ಬಂತು, ಮುಲಾಮು ಬಂತು, ಅವಸರ ಬಂತು. ಪ್ರತಿಯೊಬ್ಬರೂ ಬಗ್ಗಿದರು, ಪ್ರತಿಯೊಬ್ಬರಿಗೂ "ಛೆ ಛೆ" ಸಿಕ್ಕಿತು. ಕೊನೆಗೆ ಕುರಾಮೊಚಿ ಎದ್ದು ನಿಂತ. "ನಾನೂ ಕ್ಷಮಿಸಿ" ಎಂದು ಬಗ್ಗಿ ಕೂತಿದ್ದರೆ ಅವನಿಗೂ ಒಂದು "ಛೆ ಛೆ" ಸಿಕ್ಕಿ, ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೆ ವರ್ಷಗಟ್ಟಲೆ ಮಾತಾಡದವನಿಗೆ ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು ಇರುವುದಿಲ್ಲ.

"ನಾನು ಹಳದಿ ಪಟ್ಟಿ ಒರಳಲ್ಲಿ ಅರೆದೆ" ಎಂದ. "ಮೇಜಿನ ಮೇಲಿತ್ತು, ಪಟ್ಟಿ ನೋಡ್ಲಿಲ್ಲ. ಸತು ಬಂದಿದ್ದು ಅದರಿಂದಲೇ. ಇದು ಬರೀ ಮಾತಲ್ಲ, ನಿಜ."

ಯಾರೂ "ಛೆ ಛೆ" ಎನ್ನಲಿಲ್ಲ. ಆ ಕೋಣೆಯಲ್ಲಿ ಪುರಾವೆ ಸಮೇತ ಕ್ಷಮೆ ಕೇಳಿದವರು ಯಾರೂ ಇರಲಿಲ್ಲ. ತುಂಬಿದ ಪಂಕ್ತಿಯಲ್ಲಿ ಪಂಚೆ ಕಳಚಿದವನನ್ನು ನೋಡುವ ಹಾಗೆ ಎಲ್ಲರೂ ಅವನನ್ನು ನೋಡದೆ ನೋಡಿದರು. ನೀರಿನ ಪಾತ್ರೆಯೂ ಆ ಹೊತ್ತಿಗೆ ಸರಿಯಾಗಿ ಗೊರಗುಡುವುದನ್ನು ನಿಲ್ಲಿಸಿತು.

ಮೊದಲು ಚೇತರಿಸಿಕೊಂಡವನು ಹತಕೆಯಾಮ. "ಈಗ ನೆನಪಾಯ್ತು ನೋಡಿ, ಆ ಬಕೆಟ್ಟು ಪ್ಲಾಸ್ಟಿಕ್ಕಿಂದು."

"ನನ್ನ ಮುಲಾಮಲ್ಲೂ ಬರೀ ಕುದುರೆ ಕೊಬ್ಬು" ಎಂದರು ನಾಗಾಮಿನೆ.

"ನಾನು ಅಷ್ಟೇನೂ ಅವಸರ ಮಾಡಿರ್ಲಿಲ್ಲ ಅನ್ಸುತ್ತೆ" ಎಂದು ಕೊಜುಕಾ ಖಾಲಿ ಪೆಟ್ಟಿಗೆಯನ್ನು ನೋಡುತ್ತ ಹೇಳಿದರು.

ಉಸಾಮಿ "ಹೌದೇ" ಎಂದರು.

ಕೊಜುಕಾ ಹೋದ ಮೇಲೆ ಉಸಾಮಿ ಕುರಾಮೊಚಿಯನ್ನು ಕೋಣೆಗೆ ಕರೆದರು. ಇಶಿನೊಮಾಕಿಯಲ್ಲಿ ಒಂದು ಪ್ರೌಢಶಾಲೆಯಿದೆ, ಅಲ್ಲಿನ ಮುಖ್ಯೋಪಾಧ್ಯಾಯ ನನ್ನ ಸಹಪಾಠಿ, ಏಪ್ರಿಲ್ಲಿಗೆ ವಿಜ್ಞಾನದ ಮೇಷ್ಟ್ರು ಬೇಕಂತೆ ಎಂದರು. "ಫೋನ್ ಮಾಡಿದೀನಿ. ತಪ್ಪನ್ನ ತಪ್ಪು ಅಂತ ಒಪ್ಪಿಕೊಳ್ಳೋ ಮನುಷ್ಯ ಅಂತ ಹೇಳಿದೆ. ತುಂಬ ಸಂತೋಷಪಟ್ರು."

ಖಾಯಂ ಹುದ್ದೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಕುರಾಮೊಚಿ ಬಗ್ಗಿ ಹೊರಬಂದ.

ಹೊರಗೆ ಕತ್ತಲಾಗುತ್ತಿತ್ತು. ನಾಗಾಮಿನೆ ದೀಪ ಆರಿಸುತ್ತ, "ಯಾರು ನಿಮಗೆ ಅಷ್ಟೆಲ್ಲ ಹೇಳಿ ಅಂದಿದ್ದು?" ಎಂದರು. ದನಿಯಲ್ಲಿ ಮೊದಲ ಬಾರಿಗೆ ತಮಾಷೆಯಿರಲಿಲ್ಲ. "ಬಗ್ಗಿ ಕೂತ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

"ಆ ಒರಳನ್ನ ನನ್ನ ಮೇಜಿನ ಮೇಲೆ ತಂದಿಟ್ಟಿದ್ದು ನೀವೇನಾ?"

"ನಾನ್ಯಾಕೆ ನಿಮಗೆ ಒರಳು ತಂದಿಡ್ಲಿ, ನೀವೇನು ನನ್ನ ಮನೆಗೆ ಬಂದ ಹೊಸ ಸೊಸೆನಾ?" ಎಂದು ಅವರು ಶಾಲು ಹೊದ್ದು ಹೋದರು.

ಎಲ್ಲರೂ ಹೋದ ಮೇಲೆ ಕುರಾಮೊಚಿ ಎರಡು ಒರಳನ್ನೂ ಆಮ್ಲದಲ್ಲಿ ತೊಳೆದು ಒರೆಸಿಟ್ಟ. ಯಾರೂ ಹೇಳಿರಲಿಲ್ಲ. ಮುಂದೆ ಬರುವವನಿಗಾದರೂ ಅನುಮಾನವಿರಬಾರದು. ಆಗ ಬಾಗಿಲು ಸರಿಯಿತು. ಉಸಾಮಿ ಒಳಬಂದರು, ಅವನನ್ನು ಕಂಡು ಕೊಂಚ ಸಂಕೋಚಪಟ್ಟರು.

"ಇನ್ನೂ ಇದೀರಾ? ಒಂದು ನಿಮಿಷ, ಈ ಒರಳು ತಗೋತೀನಿ." ಅವರ ಕೈ ಬಿಳಿ ಪಟ್ಟಿಯ ಒರಳಿನ ಮೇಲಿತ್ತು. "ದಿನಾ ಮಧ್ಯಾಹ್ನ ನೀವೆಲ್ಲ ಊಟಕ್ಕೆ ಹೋದಾಗ ಬರ್ತೀನಿ. ಇವತ್ತು ಸಾಲು ಹಚ್ಚಿದ್ರಲ್ಲ, ಬಿಡುವೇ ಆಗ್ಲಿಲ್ಲ."

ಜೇಬಿನಿಂದ ಒಂದು ಬಿಳಿ ಗುಳಿಗೆ ತೆಗೆದು ಒರಳಿಗೆ ಹಾಕಿ ಅರೆಯತೊಡಗಿದರು.

"ಹೋದ ಬೇಸಿಗೆಯಿಂದ ನಾಲಿಗೆಗೆ ರುಚಿನೇ ಇಲ್ಲ. ಏನು ತಿಂದರೂ ಕಾಗದ ತಿಂದ ಹಾಗೆ. ಯಾರಿಗೂ ಹೇಳಿಲ್ಲ. ಡಾಕ್ಟರು ಇದನ್ನ ಕೊಟ್ಟಿದಾರೆ, ನನಗೆ ಗುಳಿಗೆ ನುಂಗೋಕೆ ಬರಲ್ಲ, ಚಿಕ್ಕಂದಿನಿಂದ." ತುಟಿಯಂಚಿನಲ್ಲಿ ನಕ್ಕರು. "ಏನು ಗೊತ್ತಾ ಇದು? ಸತು. ಜೀವಮಾನವೆಲ್ಲ ಹರಳಿಂದ ಸತು ದೂರ ಇಡೋಕೆ ಒದ್ದಾಡಿದೆ, ಈಗ ನೋಡಿ, ದುಡ್ಡು ಕೊಟ್ಟು ನನ್ನೊಳಗೇ ಹಾಕ್ಕೋತಿದೀನಿ."

ಕುರಾಮೊಚಿ ಒರಳಿನ ತಳ ನೋಡಿದ. ಬಿಳಿಯ ಕಲ್ಲಿನ ಮೇಲೆ ಬಿಳಿಯ ಪುಡಿ. ಇಲ್ಲವೆಂದುಕೊಂಡರೆ ಇರಲೇ ಇಲ್ಲ.

"ಯಾವಾಗಲೂ ಬಿಳಿ ಪಟ್ಟೀದೇ ತಗೋತೀನಿ" ಎಂದರು ಉಸಾಮಿ. "ಹಳದೀಲಿ ನೀವು ಏನೇನೋ ಅರೀತೀರಿ, ಔಷಧಿ ಕಲಬೆರಕೆ ಆಗ್ಬಾರ್ದು ನೋಡಿ. ಹೋದ ತಿಂಗಳು ಒಂದಿನ ಅರೆದು ನಿಮ್ಮ ಮೇಜಿನ ಮೇಲಿಟ್ಟಿದ್ದೆ. ಫೋನ್ ಬಂತು, ಹೋದೆ. ವಾಪಸ್ ಬರೋಷ್ಟರಲ್ಲಿ ಒರಳೇ..."

ಅರೆಯುವ ಕೈ ನಿಂತಿತು.

ಹೊರಗೆ ಹಿಮ ಛಾವಣಿಯಿಂದ ಜಾರಿ ಬಿದ್ದ ಸದ್ದಾಯಿತು. ಉಸಾಮಿ ಒರಳನ್ನೇ ನೋಡುತ್ತಿದ್ದರು. ಕುರಾಮೊಚಿಯೂ ಒರಳನ್ನೇ ನೋಡುತ್ತಿದ್ದ. ಐದು ಜನ ತಲೆಬಗ್ಗಿಸಿದ್ದ ಆ ಮಧ್ಯಾಹ್ನ, ಮೊದಲು ಎದ್ದು ಬರೀ ವಾಡಿಕೆಗೆಂದು ಬಗ್ಗಿದವರೊಬ್ಬರೇ ನಿಜ ಹೇಳಿದ್ದರು.

ಆಮೇಲೆ ಕೈ ಮತ್ತೆ ಅರೆಯತೊಡಗಿತು, ಮೊದಲಿಗಿಂತ ನಿಧಾನವಾಗಿ. ಉಸಾಮಿ ಪುಡಿಯನ್ನು ನೀರಿಗೆ ಕದಡಿ ಒಂದೇ ಗುಟುಕಿಗೆ ಕುಡಿದರು. ಒರಳನ್ನು ತಾವೇ ತೊಳೆದರು, ಅಂಚು ಒರೆಸಿದರು, ಪಟ್ಟಿ ಕಾಣುವಂತೆ ತಿರುಗಿಸಿ ಕಪಾಟಿನಲ್ಲಿಟ್ಟರು.

"ಇಶಿನೊಮಾಕಿಯಲ್ಲಿ ಸಿಂಪಿ ಬಹಳ ಚೆನ್ನಾಗಿರುತ್ತೆ" ಎಂದರು ಬಾಗಿಲ ಹತ್ತಿರ, ಬೆನ್ನು ಹಾಕಿ. "ರುಚಿ ಅಂತಾರೆ, ತಿಂದವರು."

ಏಪ್ರಿಲ್ಲಿನಲ್ಲಿ ಕುರಾಮೊಚಿ ಸಾಮಾನು ಕಟ್ಟಿಕೊಂಡು ಹೊರಟ. ಆ ಒರಳಿಗೆ ಬಿಳಿ ಪಟ್ಟಿ ಇತ್ತೆಂದು ಅವನು ಯಾರಿಗೂ ಹೇಳಲಿಲ್ಲ.